ಹಳೆಯ ಕಾರಿನ ಎಂಜಿನ್ ರೀಬಿಲ್ಡ್: ಮಷೀನ್ ಶಾಪ್ ಖರ್ಚಿನ ಲೆಕ್ಕ ನಾನು ಹಾಕುವ ಕ್ರಮ

ಎಂಜಿನ್ ಬಿಚ್ಚುವ ಮೊದಲೇ ಒಟ್ಟು ಎಷ್ಟಾಗುತ್ತದೆ ಎಂದು ಕೇಳಿದರೆ ಮಷೀನ್ ಶಾಪಿನವರು ಒಂದು ಮೊತ್ತ ಹೇಳಿಯೇ ಹೇಳುತ್ತಾರೆ. ಬ್ಲಾಕಿಗೆ ಬಿರುಕಿಲ್ಲ, ಕ್ರ್ಯಾಂಕ್ ಬಾಗಿಲ್ಲ, ಹೆಡ್ಡಿನಲ್ಲಿ ವಾಲ್ವ್ ಓಡುವ ಗೈಡುಗಳು ಸವೆದಿಲ್ಲ ಎಂಬ ಮೂರು ಊಹೆ ಆ ಮೊತ್ತದೊಳಗೆ ಅಡಗಿರುತ್ತವೆ. ಐವತ್ತು ವರ್ಷ ದಾಟಿದ ಎಂಜಿನ್ನಿನಲ್ಲಿ ಮೂರೂ ಒಟ್ಟಿಗೆ ನಿಜವಾಗುವುದು ಅಪರೂಪ. ಅದಕ್ಕೇ ನಾನು ಬಜೆಟ್ಟನ್ನು ಒಂದೇ ಮೊತ್ತವಾಗಿ ಬರೆಯುವುದಿಲ್ಲ, ಮೂರು ಕಾಲಂ ಹಾಕುತ್ತೇನೆ.

ಮೊದಲನೆಯದು ಏನೇ ಆದರೂ ತಪ್ಪದ ಖರ್ಚು: ಬಿಸಿ ಟ್ಯಾಂಕಿನಲ್ಲಿ ತೊಳೆಯುವುದು, ಬಿರುಕು ಪರೀಕ್ಷೆ, ಅಳತೆ, ಹೊಸ ಕೋರ್ ಪ್ಲಗ್, ಕ್ಯಾಮ್ ಬೇರಿಂಗ್. ಎರಡನೆಯದು ಅಳತೆ ಹೇಳಿದರೆ ಮಾತ್ರ ಮಾಡಿಸುವುದು: ಸಿಲಿಂಡರನ್ನು ಅಗಲವಾಗಿ ಕೊರೆಯುವ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಕನೆಕ್ಟಿಂಗ್ ರಾಡಿನ ತೂತನ್ನು ಮತ್ತೆ ಅಳತೆಗೆ ತರುವ ರೀಸೈಜಿಂಗ್, ಗೈಡು, ಸೀಟು, ಹೆಡ್ಡಿನ ಕೆಳಮೈ ಸಮ ಮಾಡುವ ಸ್ಕಿಮ್ಮಿಂಗ್. ಮೂರನೆಯದು ಬೇಡವೆಂದರೂ ಬಂದು ಕೂರುವಂಥದ್ದು: ಸಿಲಿಂಡರಿನೊಳಗೆ ಹೊಸ ಗೋಡೆಯಾಗಿ ಕೂರಿಸುವ ಲೈನರ್, ಬಿರುಕು ಹೊಲಿಗೆ, ಮೇನ್ ಬೇರಿಂಗ್ ತೂತುಗಳನ್ನು ಒಂದೇ ನೇರಕ್ಕೆ ತರುವ ಲೈನ್ ಬೋರಿಂಗ್, ಬೇರೆ ಕ್ರ್ಯಾಂಕ್. ಮೊದಲ ಕಾಲಮ್ಮಿನ ಹಣ ಕೈಯಲ್ಲಿದ್ದರೆ ಕೆಲಸ ಶುರು ಮಾಡಬಹುದು. ಎರಡನೆಯದು ಪೂರ್ತಿ ಕೈಗೆ ಸಿಗುವವರೆಗೆ ಒಂದೇ ಒಂದು ಪಿಸ್ಟನ್ನನ್ನೂ ಕೊಳ್ಳಬಾರದು.

ಬಿರುಕು ಪರೀಕ್ಷೆಗೆ ದುಡ್ಡು ಯಾಕೆ ದಂಡ ಎನ್ನುವವರು ಬಹಳ. ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಅತಿ ಹೆಚ್ಚು ಉಳಿಸಿಕೊಡುವ ಖರ್ಚು ಇದೇ. ಎರಕದ ಕಬ್ಬಿಣದ ಬ್ಲಾಕ್, ಹೆಡ್ ಮತ್ತು ಕ್ರ್ಯಾಂಕಿಗೆ ಅಯಸ್ಕಾಂತದ ಪರೀಕ್ಷೆ ಸಾಕು. ಅಲ್ಯೂಮಿನಿಯಂ ಹೆಡ್ಡಿಗೆ ಅದು ಕೆಲಸ ಮಾಡುವುದಿಲ್ಲ, ಬಣ್ಣ ಇಳಿಸುವ ಪರೀಕ್ಷೆ ಅಥವಾ ಪ್ರೆಷರ್ ಟೆಸ್ಟ್ ಬೇಕು. ಪ್ರೆಷರ್ ಟೆಸ್ಟ್ ಮಾಡಿಸುವುದಾದರೆ ಬಿಸಿ ನೀರಿನಲ್ಲೇ ಆಗಲಿ, ತಣ್ಣಗಿದ್ದಾಗ ಮುಚ್ಚಿಕೊಂಡಿರುವ ಬಿರುಕು ಬಿಸಿಯಾದಾಗ ಬಾಯಿ ಬಿಡುತ್ತದೆ. ನೋಡಬೇಕಾದ ಜಾಗಗಳು ಗೊತ್ತಿರುವಂಥವೇ: ಎರಡು ವಾಲ್ವ್ ಸೀಟುಗಳ ನಡುವಿನ ಸೇತುವೆ, ಸೀಟಿನಿಂದ ಸ್ಪಾರ್ಕ್ ಪ್ಲಗ್ ತೂತಿನ ಕಡೆ, ಹೆಡ್ ಸ್ಟಡ್ ತೂತಿನ ಸುತ್ತ, ನೀರು ಹೆಪ್ಪುಗಟ್ಟಿ ಒಡೆದ ಹೊರ ಜಾಕೆಟ್. ಫೋರ್ಡ್ ಫ್ಲ್ಯಾಟ್‌ಹೆಡ್ ವಿ8 ಬ್ಲಾಕುಗಳಲ್ಲಿ ವಾಲ್ವ್ ಸೀಟಿನಿಂದ ಸಿಲಿಂಡರಿಗೆ ಬರುವ ಬಿರುಕು ಎಷ್ಟು ಮಾಮೂಲಿ ಎಂದರೆ, ಅದನ್ನು ಪರೀಕ್ಷಿಸದೆ ಬೋರ್ ಮಾಡಿಸುವುದು ಹಣವನ್ನು ನೀರಿಗೆ ಹಾಕಿದಂತೆ.

ಪರೀಕ್ಷೆ ಬೋರಿಂಗಿಗಿಂತ ಮೊದಲೇ ಆಗಬೇಕು, ತೊಳೆಯುವುದು ಪರೀಕ್ಷೆಗಿಂತ ಮೊದಲು. ಕೆಲವು ಕಡೆ ಕೆಲಸದ ಅನುಕೂಲಕ್ಕೆ ಬೋರ್ ಮಾಡಿಟ್ಟು ಆಮೇಲೆ ಪ್ರೆಷರ್ ಹಾಕುತ್ತಾರೆ. ಸೋರಿದರೆ ಬೋರಿಂಗಿನ ಬಿಲ್ ನಿಮ್ಮದೇ. ಹಾಗಾಗಿ ಎರಡು ಹಂತದ ಒಪ್ಪಂದ ಕೇಳುತ್ತೇನೆ: ಮೊದಲು ತೊಳೆದು, ಪರೀಕ್ಷಿಸಿ, ಅಳೆದು, ಅಳತೆಗಳನ್ನು ಕಾಗದದಲ್ಲಿ ಕೊಡಿ, ಅಷ್ಟಕ್ಕೆ ಹಣ ತೆಗೆದುಕೊಳ್ಳಿ, ನಾನು ಹೂಂ ಅಂದ ಮೇಲೆ ಮಾತ್ರ ಲೋಹಕ್ಕೆ ಟೂಲ್ ತಾಗಿಸಿ.

ಬೋರ್: ಯಾವ ಓವರ್‌ಸೈಜ್ ಎಂಬ ಪ್ರಶ್ನೆ

ಬೋರ್ ಗೇಜಿನಲ್ಲಿ ಪ್ರತಿ ಸಿಲಿಂಡರಿಗೆ ಆರು ಓದು ತೆಗೆಯಬೇಕು: ಮೇಲಿನ ರಿಂಗ್ ಓಡುವ ಜಾಗ, ನಡುವೆ, ಕೆಳಗೆ, ಪ್ರತಿ ಜಾಗದಲ್ಲೂ ಕ್ರ್ಯಾಂಕಿನ ಉದ್ದಕ್ಕೊಂದು, ಅಡ್ಡಕ್ಕೊಂದು. ಮೇಲಿನ ಮತ್ತು ಕೆಳಗಿನ ಓದಿನ ವ್ಯತ್ಯಾಸ ಟೇಪರ್, ಉದ್ದ ಅಡ್ಡಗಳ ವ್ಯತ್ಯಾಸ ಓವಾಲಿಟಿ. ಟೇಪರ್ 5 ಥೌ (ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ), ಅಂದರೆ 0.13 ಮಿ.ಮೀ. ದಾಟಿದ್ದರೆ ಬೋರನ್ನು ಕಲ್ಲಿನಿಂದ ತೆಳುವಾಗಿ ಉಜ್ಜುವ ಹೋನಿಂಗ್ ಮಾತ್ರ ಮಾಡಿ ಹೊಸ ರಿಂಗ್ ಹಾಕುವ ಯೋಚನೆ ಬಿಡುತ್ತೇನೆ. ಟೇಪರ್ ಆದ ಬೋರಿನಲ್ಲಿ ರಿಂಗ್ ಪ್ರತಿ ಏರಿಳಿತಕ್ಕೂ ಹಿಗ್ಗಿ ಕುಗ್ಗಬೇಕಾಗುತ್ತದೆ, ಹೆಚ್ಚು ಕಾಲ ಬಾಳುವುದಿಲ್ಲ.

ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಯ 1798 ಸಿಸಿ ಎಂಜಿನ್ ಉದಾಹರಣೆಗೆ ತೆಗೆದುಕೊಳ್ಳೋಣ. ಸ್ಟ್ಯಾಂಡರ್ಡ್ ಬೋರ್ 80.26 ಮಿ.ಮೀ. ಮೇಲೆ ಅಡ್ಡಕ್ಕೆ 80.56 ಓದು ಬಂತು ಎಂದುಕೊಳ್ಳಿ. 20 ಓವರ್‌ಸೈಜ್, ಅಂದರೆ ಸ್ಟ್ಯಾಂಡರ್ಡಿಗಿಂತ 20 ಥೌ ದೊಡ್ಡ, ಪಿಸ್ಟನ್ನಿಗೆ ಬೋರ್ 80.77 ಆಗಬೇಕು, ಇನ್ನೂ 0.21 ಮಿಕ್ಕಿದೆ, 20 ಸಾಕು ಅನ್ನಿಸುತ್ತದೆ. ಇಲ್ಲೇ ಲೆಕ್ಕ ಕೈಕೊಡುವುದು. ಸವೆತ ಸುತ್ತಲೂ ಸಮನಾಗಿ ಆಗಿರುವುದಿಲ್ಲ, ಪಿಸ್ಟನ್ ಒತ್ತುವ ಪಕ್ಕದಲ್ಲೇ ಹೆಚ್ಚು. ಆ 0.30 ಅಷ್ಟೂ ಒಂದೇ ಪಕ್ಕದ್ದಾಗಿದ್ದರೆ, ಮೂಲ ಕೇಂದ್ರ ಹಿಡಿದು ಬೋರ್ ಮಾಡಿದಾಗ 20 ಓವರ್‌ಸೈಜ್ ಆ ಪಕ್ಕದಿಂದ ತೆಗೆಯುವುದು 0.25 ಮಾತ್ರ. ಉಳಿದ 0.05 ಗಾಯ ಹಾಗೇ ನಿಲ್ಲುತ್ತದೆ. ಕೇಂದ್ರ ಸರಿಸಿ ಬೋರ್ ಮಾಡಿದರೆ ಗಾಯ ಹೋಗುತ್ತದೆ, ಆದರೆ ಸಿಲಿಂಡರ್ ಕ್ರ್ಯಾಂಕಿನ ನೇರದಿಂದ ಪಕ್ಕಕ್ಕೆ ಸರಿಯುತ್ತದೆ. ಇಲ್ಲಿ 30 ಓವರ್‌ಸೈಜ್, ಅಂದರೆ 81.02, ಲೆಕ್ಕ ಹಿಡಿಯಬೇಕು. ಬಜೆಟ್ ಹಾಕುವಾಗ ನಾನು ಕಂಡ ಸವೆತವನ್ನು ದುಪ್ಪಟ್ಟು ಮಾಡಿ, ಅದಕ್ಕಿಂತ ಮೇಲಿನ ಓವರ್‌ಸೈಜ್ ಯಾವುದೋ ಅದನ್ನೇ ಬರೆದುಕೊಳ್ಳುತ್ತೇನೆ. ಒಂದೇ ಸಿಲಿಂಡರ್ ಕೆಟ್ಟಿದ್ದರೂ ಎಲ್ಲವೂ ಅದೇ ಅಳತೆಗೆ ಹೋಗುತ್ತವೆ.

ಕೆಟ್ಟದ್ದು ಒಂದೇ, ಉಳಿದವು ಇನ್ನೂ ಸ್ಟ್ಯಾಂಡರ್ಡ್ ಹತ್ತಿರವೇ ಇವೆ ಎಂದಾಗ ಲೈನರ್ ಲೆಕ್ಕ ಕೇಳಿ ನೋಡಬೇಕು. ಒಂದು ಸಿಲಿಂಡರಿಗೆ ಲೈನರ್ ಹಾಕಿಸಿ ಹಳೆಯ ಪಿಸ್ಟನ್ನುಗಳನ್ನೇ ಉಳಿಸಿಕೊಳ್ಳುವುದು, ಹೊಸ ಪಿಸ್ಟನ್ ಸೆಟ್ಟು ಮತ್ತು ನಾಲ್ಕು ಬೋರಿಗಿಂತ ಅಗ್ಗವಾಗುವುದುಂಟು. 60 ಓವರ್‌ಸೈಜ್ ಆಗಿಬಿಟ್ಟ ಬ್ಲಾಕಿಗೆ ಮುಂದೆ ಉಳಿಯುವ ದಾರಿಯೂ ಲೈನರ್ರೇ. ದೊಡ್ಡ ಓವರ್‌ಸೈಜಿಗೆ ಮೊದಲು ಸಿಲಿಂಡರ್ ಗೋಡೆಯ ದಪ್ಪವನ್ನು ಅಲ್ಟ್ರಾಸೋನಿಕ್ ಮೀಟರಿನಲ್ಲಿ ನೋಡಿಸಿ. ಎರಕ ಹೊಯ್ಯುವಾಗ ಒಳ ಅಚ್ಚು ಸರಿದಿದ್ದರೆ ಒಂದು ಪಕ್ಕದ ಗೋಡೆ ತೆಳ್ಳಗಿರುತ್ತದೆ.

ಪಿಸ್ಟನ್ ಕೈಗೆ ಬಂದ ಮೇಲೆ ಬೋರಿಂಗ್, ಹಿಂದುಮುಂದು ಆಗಬಾರದು. ಬೋರಿನ ಕೊನೆಯ ಅಳತೆ ನಿಲ್ಲುವುದು ಪೆಟ್ಟಿಗೆ ಮೇಲೆ ಬರೆದ ಸಂಖ್ಯೆಯ ಮೇಲಲ್ಲ, ಆ ಪಿಸ್ಟನ್ನಿನ ಸ್ಕರ್ಟನ್ನು, ಅಂದರೆ ಕೆಳಭಾಗವನ್ನು, ಮೈಕ್ರೋಮೀಟರಿನಲ್ಲಿ ಅಳೆದ ಓದಿನ ಮೇಲೆ. ಎರಕದ ಪಿಸ್ಟನ್ನಿಗೆ 2 ಥೌ ಆಸುಪಾಸು ಕ್ಲಿಯರೆನ್ಸ್, ಫೋರ್ಜ್ಡ್ ಆದರೆ ಅದಕ್ಕಿಂತ ಹೆಚ್ಚು, ತಯಾರಕರು ಕೊಟ್ಟ ಅಂಕಿಯೇ ಅಂತಿಮ. ಹೆಡ್ ಗ್ಯಾಸ್ಕೆಟ್ಟಿನ ತೂತು ಹೊಸ ಬೋರಿಗಿಂತ ದೊಡ್ಡದಿದೆಯೇ ಎಂದೂ ಆಗಲೇ ನೋಡಿಕೊಳ್ಳಿ. ಗ್ಯಾಸ್ಕೆಟ್ ಅಂಚು ಸಿಲಿಂಡರ್ ಒಳಗೆ ಚಾಚಿದರೆ ಅದು ಸುಟ್ಟೇ ಹೋಗುತ್ತದೆ.

ಕ್ರ್ಯಾಂಕ್ ಮತ್ತು ರಾಡುಗಳು

ಕ್ರ್ಯಾಂಕಿನಲ್ಲೂ ತ್ರಿಜ್ಯ ವ್ಯಾಸದ ಇದೇ ಆಟ. ರಾಡ್ ಕೂರುವ ಪಿನ್ನಿನ ಮೇಲೆ 0.15 ಮಿ.ಮೀ. ಆಳದ ಗೀರು ಇದ್ದರೆ ವ್ಯಾಸದಲ್ಲಿ 0.30 ತೆಗೆಯಬೇಕು, 10 ಅಂಡರ್‌ಸೈಜ್, ಅಂದರೆ 10 ಥೌ ಸಣ್ಣದು, ಎಂದರೆ 0.25, ಸಾಲದು, ನೇರ 20ಕ್ಕೆ ಇಳಿಯಬೇಕು. ಬೇರಿಂಗ್ ಸೆಟ್ಟಾಗಿ ಬರುವುದರಿಂದ ಒಂದು ಪಿನ್ ಕೆಟ್ಟರೆ ಎಲ್ಲ ಪಿನ್ನುಗಳನ್ನೂ ಅರೆಯಬೇಕು. ಕ್ರ್ಯಾಂಕ್ ಬ್ಲಾಕಿನಲ್ಲಿ ಕೂತು ತಿರುಗುವ ಮೇನ್ ಜರ್ನಲ್‌ಗಳದ್ದು ಬೇರೆ ಸೆಟ್ಟು, ಅವು ಚೆನ್ನಾಗಿದ್ದರೆ ಬರೀ ಪಾಲಿಶ್ ಸಾಕು. ಎರಡಕ್ಕೂ ಬೇರೆ ಬೇರೆ ದರ ಕೇಳಿ, ಒಟ್ಟು ಗ್ರೈಂಡಿಂಗ್ ಎಂದು ಒಪ್ಪಿಕೊಳ್ಳಬೇಡಿ.

ಅರೆಯುವ ಮೊದಲು ಆ ಅಂಡರ್‌ಸೈಜ್ ಬೇರಿಂಗ್ ನಿಜವಾಗಿ ಸಿಗುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಕೆಟಲಾಗಿನಲ್ಲಿ 10, 20, 30, 40 ಎಲ್ಲ ಇರುತ್ತವೆ. ಅಂಗಡಿಯ ಕಪಾಟಿನಲ್ಲಿ ಇರುವುದು ಬೇರೆ ಮಾತು. ಬೇರಿಂಗ್ ಸಿಗದ ಸೈಜಿಗೆ ಅರೆಸಿದ ಕ್ರ್ಯಾಂಕ್ ಮುಂದಿನ ಸೈಜಿಗೆ ಮತ್ತೊಮ್ಮೆ ಮಷೀನ್ ಏರಬೇಕಾಗುತ್ತದೆ, ಮಜೂರಿ ಎರಡು ಸಲ. ಪಿನ್ನಿನ ಮೂಲೆಯಲ್ಲಿರುವ ಫಿಲೆಟ್ ತ್ರಿಜ್ಯ, ಅಂದರೆ ಮೂಲೆಯ ದುಂಡು ತಿರುವು, ಮೊದಲಿನಷ್ಟೇ ಉಳಿಯಬೇಕು ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ. ಅಲ್ಲಿ ಚೂಪು ಮೂಲೆ ಬಂದರೆ ಕ್ರ್ಯಾಂಕ್ ಮುರಿಯುವುದು ಅಲ್ಲಿಂದಲೇ. ನೈಟ್ರೈಡ್ ಮಾಡಿದ ಕ್ರ್ಯಾಂಕ್ ಆಗಿದ್ದರೆ ಗಟ್ಟಿ ಪದರ ತೆಳ್ಳಗಿರುವ ಕಾರಣ, ಅರೆದ ಮೇಲೆ ಮತ್ತೆ ನೈಟ್ರೈಡಿಂಗ್ ಖರ್ಚನ್ನೂ ಸೇರಿಸಬೇಕು.

ರಾಡುಗಳಲ್ಲಿ ಜನ ಮರೆಯುವುದು ಒಂದೇ. ಹೊಸ ಬೋಲ್ಟ್ ಹಾಕಿದರೆ, ಅದರಲ್ಲೂ ಹೆಚ್ಚು ಬಿಗಿ ಕೇಳುವ ಗಟ್ಟಿ ಬೋಲ್ಟ್ ಹಾಕಿದರೆ, ದೊಡ್ಡ ತುದಿಯ ತೂತಿನ ಗುಂಡುತನ ಬದಲಾಗುತ್ತದೆ. ಬೋಲ್ಟಿನ ಬೆಲೆ ಬರೆದ ಸಾಲಿನ ಕೆಳಗೇ ರೀಸೈಜಿಂಗ್ ಬರೆದುಕೊಳ್ಳಿ, ಎರಡೂ ಒಂದೇ ಖರ್ಚು. ಬ್ಯಾಲೆನ್ಸಿಂಗ್ ಮಾಡಿಸುವುದಾದರೆ ಫ್ಲೈವೀಲ್, ಕ್ಲಚ್ ಕವರ್, ಮುಂದಿನ ಪುಲ್ಲಿಯನ್ನೂ ಜೊತೆಗೇ ಕಳಿಸಿ. ಪಿಸ್ಟನ್ ರಾಡುಗಳ ತೂಕ ಸರಿದೂಗಿಸುವ ಕೆಲಸಕ್ಕೆ ಗ್ರಾಂ ತಕ್ಕಡಿ, ಫೈಲು, ತಾಳ್ಮೆ ಇದ್ದರೆ ಸಾಕು. ನಾಲ್ಕು ಸಿಲಿಂಡರಿನ ಸಾಧುವಾದ ಎಂಜಿನ್ನಿಗೆ ಅದಕ್ಕಿಂತ ಹೆಚ್ಚಿಗೆ ನಾನು ಖರ್ಚು ಮಾಡಿಸುವುದಿಲ್ಲ.

ಹೆಡ್ ಬಿಲ್ ಉಬ್ಬುವ ಬಗೆ

ಅಂದಾಜು ದಾಟುವುದು ಸಾಮಾನ್ಯವಾಗಿ ಹೆಡ್ಡಿನಲ್ಲೇ, ಯಾಕೆಂದರೆ ಇಲ್ಲಿ ಒಂದು ಕೆಲಸ ಇನ್ನೊಂದನ್ನು ಎಳೆದುಕೊಂಡು ಬರುತ್ತದೆ. ಗೈಡು ಬದಲಿಸಿದರೆ ವಾಲ್ವಿನ ಕೇಂದ್ರ ಸರಿಯುತ್ತದೆ, ಸೀಟು ಮತ್ತೆ ಕತ್ತರಿಸಲೇಬೇಕು. ಸೀಟು ಕತ್ತರಿಸಿದಷ್ಟೂ ವಾಲ್ವ್ ಒಳಗಿಳಿಯುತ್ತದೆ, ಕಾಂಡದ ತುದಿ ಮೇಲೆದ್ದು ಸ್ಪ್ರಿಂಗ್ ಎತ್ತರ ಹೆಚ್ಚಿ ಒತ್ತಡ ತಗ್ಗುತ್ತದೆ, ಕೆಳಗೆ ಶಿಮ್ ಬೇಕಾಗುತ್ತದೆ. ಬರೀ ಗೈಡಿನ ದರ ಕೇಳಿ ಬಂದವರಿಗೆ ಆಘಾತ ಖಂಡಿತ.

ಸೀಸವಿಲ್ಲದ ಪೆಟ್ರೋಲಿಗೆ ಗಟ್ಟಿ ಸೀಟ್ ಇನ್ಸರ್ಟ್ ಹಾಕಿಸಬೇಕೇ? ಎರಕದ ಕಬ್ಬಿಣದ ಹೆಡ್ಡಿನಲ್ಲಿ ಸವೆಯುವುದು ಎಕ್ಸಾಸ್ಟ್ ಸೀಟು, ಅದೂ ಹೆಚ್ಚು ವೇಗದಲ್ಲಿ ದೀರ್ಘ ಓಟಕ್ಕೆ. ವಾರಕ್ಕೊಮ್ಮೆ ಮೆಲ್ಲಗೆ ಓಡುವ ಗಾಡಿ, ಸೀಟು ಇನ್ನೂ ಮೇಲೆಯೇ ಇದೆ ಎಂದಾದರೆ ನಾನು ಆ ಹಣವನ್ನು ಕ್ರ್ಯಾಂಕಿಗೆ ತಿರುಗಿಸುತ್ತೇನೆ. ಹಾಕಿಸುವುದೇ ಆದರೆ ಎಕ್ಸಾಸ್ಟಿಗೆ ಮಾತ್ರ. ಇನ್ಸರ್ಟಿಗೆ ಕುಳಿ ಕೊರೆಯುವಾಗ ಟೂಲ್ ನೀರಿನ ಜಾಕೆಟ್ ಮುಟ್ಟುವ ಅಪಾಯ ಇದ್ದೇ ಇರುತ್ತದೆ. ಹಾಗಾದರೆ ಹೊಣೆ ಯಾರದು ಎಂದು ಮೊದಲೇ ಮಾತಾಡಿಕೊಳ್ಳಿ.

ಸ್ಕಿಮ್ಮಿಂಗ್ ಅಗ್ಗ ಎಂದು ಸುಮ್ಮನೆ ಮಾಡಿಸುವುದು ನನಗೆ ಹಿಡಿಸದು. 450 ಸಿಸಿಯ ಒಂದು ಸಿಲಿಂಡರಿಗೆ ಒಟ್ಟು ದಹನ ಜಾಗ 56 ಸಿಸಿ ಇದ್ದರೆ ಕಂಪ್ರೆಶನ್ 9.0. ಚೇಂಬರಿನ ಬಾಯಿ 40 ಚದರ ಸೆಂ.ಮೀ. ಎಂದುಕೊಂಡರೆ 0.25 ಮಿ.ಮೀ. ಸ್ಕಿಮ್ ಮಾಡಿದಾಗ 1 ಸಿಸಿ ಕಡಿಮೆಯಾಗಿ 9.2 ಹತ್ತಿರ ಹೋಗುತ್ತದೆ. ಒಂದು ಸಲಕ್ಕೆ ಪರವಾಗಿಲ್ಲ, ಈ ಹೆಡ್ ಹಿಂದೆ ಎಷ್ಟು ಸಲ ಸ್ಕಿಮ್ ಆಗಿದೆಯೋ ಯಾರಿಗೆ ಗೊತ್ತು. ದಪ್ಪ ಅಳೆದು ಮ್ಯಾನ್ಯುಯಲ್ ಜೊತೆ ತಾಳೆ ನೋಡಿ. ಕ್ಯಾಮ್ ಮೇಲಿರುವ ಅಲ್ಯೂಮಿನಿಯಂ ಹೆಡ್ ಬಾಗಿದ್ದರೆ ಕೆಳಮೈ ಸ್ಕಿಮ್ ಮಾಡಿದ ಮಾತ್ರಕ್ಕೆ ಕ್ಯಾಮ್ ಕೂರುವ ತೂತುಗಳು ನೇರವಾಗುವುದಿಲ್ಲ. ಮೊದಲು ಬಿಸಿ ಮಾಡಿ ನೆಟ್ಟಗೆ ಮಾಡಿಸಬೇಕು, ಆಮೇಲೆ ಸ್ಕಿಮ್. ವಿ ಎಂಜಿನ್ನುಗಳಲ್ಲಿ ಹೆಡ್ ಕೆಳಗಿಳಿದರೆ ಇನ್‌ಟೇಕ್ ಮ್ಯಾನಿಫೋಲ್ಡಿನ ತೂತುಗಳು ಹೊಂದುವುದಿಲ್ಲ, ಅದನ್ನೂ ಕತ್ತರಿಸಬೇಕಾಗುತ್ತದೆ.

ಎಂಜಿನ್ ಜಾತಿ ಬದಲಾದರೆ ಕಾಲಮ್ಮುಗಳೂ ಬದಲಾಗುತ್ತವೆ. ಗಾಳಿಯಿಂದ ತಣಿಯುವ ಫೋಕ್ಸ್‌ವ್ಯಾಗನ್ ಬೀಟಲ್ ಎಂಜಿನ್ನಿಗೆ ಬೋರಿಂಗ್ ಸಾಲು ಸಾಮಾನ್ಯವಾಗಿ ಬೇಕಿಲ್ಲ, ಪಿಸ್ಟನ್ ಸಿಲಿಂಡರ್ ಸೆಟ್ಟೇ ಕೊಳ್ಳುತ್ತೇವೆ. ಆದರೆ ಮೆಗ್ನೀಷಿಯಂ ಮಿಶ್ರಲೋಹದ ಕ್ರ್ಯಾಂಕ್‌ಕೇಸಿನಲ್ಲಿ ಮೇನ್ ಬೇರಿಂಗ್ ಕೂರುವ ತೂತುಗಳು ಬಡಿದು ಅಗಲವಾಗಿರುತ್ತವೆ, ಹಾಗಾಗಿ ಲೈನ್ ಬೋರಿಂಗ್ ಮೂರನೇ ಕಾಲಮ್ಮಿನಿಂದ ಎರಡಕ್ಕೆ ಬರುತ್ತದೆ, ಜೊತೆಗೆ ಹೊರ ವ್ಯಾಸ ದೊಡ್ಡದಿರುವ ಬೇರಿಂಗ್. ಟ್ರಯಂಫ್ ಟಿಆರ್2ರಿಂದ ಟಿಆರ್4ವರೆಗಿನ ಕಾರುಗಳ ಎಂಜಿನ್ನುಗಳಲ್ಲಿ ವೆಟ್ ಲೈನರ್, ಅಂದರೆ ಹೊರಮೈಗೆ ನೀರೇ ತಾಗುವ ಲೈನರ್: ಲೈನರ್ ಬ್ಲಾಕಿನ ಮೇಲ್ಮೈಗಿಂತ 3ರಿಂದ 5 ಥೌ ಮೇಲೆ ನಿಲ್ಲಬೇಕು, ಹಾಗಾಗಿ ಖರ್ಚು ಬೀಳುವುದು ಬೋರಿಗಲ್ಲ, ಲೈನರ್ ಕೂರುವ ಜಾಗದ ತುಕ್ಕು ತೆಗೆಸುವುದಕ್ಕೆ.

ಕೊಟೇಶನ್ ಓದುವುದು

ಒಂದೇ ಹೆಸರಿನ ಕೆಲಸ ಎರಡು ಕಡೆ ಎರಡು ಅರ್ಥದಲ್ಲಿರುತ್ತದೆ. ಬೋರಿಂಗ್ ಎಂದರೆ ಹೋನಿಂಗ್ ಸೇರಿದೆಯೇ, ದರ ಒಂದು ಸಿಲಿಂಡರಿಗೋ ಇಡೀ ಬ್ಲಾಕಿಗೋ? ಗ್ರೈಂಡಿಂಗ್ ಎಂದರೆ ಪಾಲಿಶ್, ಎಣ್ಣೆ ತೂತಿನ ಅಂಚು ಮೊಂಡಾಗಿಸುವುದು, ಎಣ್ಣೆ ಹರಿಯುವ ಗ್ಯಾಲರಿಗಳ ಪ್ಲಗ್ ಬಿಚ್ಚಿ ತೊಳೆಯುವುದು ಸೇರಿದೆಯೇ? ಮುರಿದ ಸ್ಟಡ್ ತೆಗೆಯುವುದು ಗಂಟೆ ಲೆಕ್ಕವೋ ಒಂದೊಂದಕ್ಕೋ? ಕ್ಯಾಮ್ ಬೇರಿಂಗ್ ಕೂರಿಸಿ ರೀಮ್ ಮಾಡುತ್ತಾರೋ, ಬರೀ ಕೂರಿಸುತ್ತಾರೋ? ಉತ್ತರಗಳನ್ನು ಬರೆಸಿಕೊಂಡ ಮೇಲೆ ಎರಡು ಕೊಟೇಶನ್ ಹೋಲಿಸಬೇಕು. ಅದಕ್ಕೂ ಮೊದಲು ಹೋಲಿಸಿದರೆ ಕಡಿಮೆ ದರದ್ದೇ ಕೊನೆಗೆ ದುಬಾರಿ ಬೀಳುವುದುಂಟು.

ಬಿಚ್ಚುವುದು, ಗ್ರೀಸ್ ತೆಗೆಯುವುದು, ಗ್ಯಾಸ್ಕೆಟ್ ಕೆರೆಯುವುದು, ಥ್ರೆಡ್ಡುಗಳಿಗೆ ಟ್ಯಾಪ್ ಓಡಿಸುವುದು, ಇವನ್ನು ನಾನೇ ಮಾಡುತ್ತೇನೆ; ಗಂಟೆ ಲೆಕ್ಕದಲ್ಲಿ ಬೇರೆಯವರಿಗೆ ಕೊಡುವ ಕೆಲಸ ಇದಲ್ಲ. ಮೇನ್ ಕ್ಯಾಪು, ರಾಡ್ ಕ್ಯಾಪುಗಳಿಗೆ ನಂಬರ್ ಪಂಚ್ ಹಾಕಿ, ದಿಕ್ಕು ಗುರುತು ಮಾಡಿ, ಬೋಲ್ಟ್ ಸಮೇತ ಕಳಿಸಬೇಕು. ಕ್ಯಾಪುಗಳು ತಮ್ಮ ತಮ್ಮ ಜಾಗದಲ್ಲಿದ್ದಾಗಲೇ ತೂತು ಕೊರೆದಿರುತ್ತಾರೆ, ಅದಲುಬದಲಾದರೆ ಮೇನ್ ಲೈನ್ ಕೆಡುತ್ತದೆ, ಆಗ ಬರುವುದು ಮೂರನೇ ಕಾಲಂ.

ಮೀಸಲು ಹಣ ಎಷ್ಟು? ಮೊದಲ ಎರಡು ಕಾಲಮ್ಮಿನ ಮೊತ್ತದ ಮೂರನೇ ಒಂದು ಭಾಗ ಇಡುತ್ತೇನೆ. ಅಳತೆ ಕಾಗದ ಕೈಗೆ ಬಂದ ಮೇಲೆ ಅದನ್ನು ಅರ್ಧಕ್ಕೆ ಇಳಿಸಬಹುದು. ಜೊತೆಗೆ ಒಂದು ತಡೆಗೆರೆ: ಬ್ಲಾಕಿನ ದುರಸ್ತಿ ಒಳ್ಳೆಯ ಇನ್ನೊಂದು ಬ್ಲಾಕಿನ ಬೆಲೆಯ ಜೊತೆ ಅದರ ಪರೀಕ್ಷೆ ಖರ್ಚನ್ನೂ ಮೀರಿದರೆ ದುರಸ್ತಿ ಕೈಬಿಡುವುದು. ಎಂಜಿನ್ ನಂಬರ್ ದಾಖಲೆಗೆ ಹೊಂದುವ ಮೂಲ ಬ್ಲಾಕ್ ಆದರೆ ಈ ಗೆರೆಯನ್ನು ಮೇಲಕ್ಕೆ ಸರಿಸಬಹುದು, ಆದರೆ ಎಷ್ಟು ಮೇಲಕ್ಕೆ ಎಂದು ಬಿಚ್ಚುವ ಮೊದಲೇ ಬರೆದಿಟ್ಟುಕೊಳ್ಳಿ. ಹೆಡ್ ಮೇಜಿನ ಮೇಲೆ ಬಿಚ್ಚಿ ಬಿದ್ದಿರುವಾಗ ಯಾರ ಲೆಕ್ಕವೂ ಗಟ್ಟಿ ನಿಲ್ಲುವುದಿಲ್ಲ.

ಕೊನೆಯ ಕಂತು ಕೊಡುವ ಮೊದಲು ಶಾಪಿನಲ್ಲೇ ಪಿಸ್ಟನ್ನು, ಬೋರು, ಪಿನ್ನುಗಳನ್ನು ಅವರ ಮೈಕ್ರೋಮೀಟರಿನಲ್ಲೇ ಅಳೆದು ತೋರಿಸಲು ಹೇಳಿ. 50 ಮಿ.ಮೀ. ಜರ್ನಲ್ಲಿಗೆ ಎಣ್ಣೆ ಸಂದು 0.05 ಮಿ.ಮೀ. ಸುತ್ತಮುತ್ತ ಬರಬೇಕು. ಬ್ಲಾಕ್ ಮನೆಗೆ ಬಂದ ಮೇಲೆ ತೊಳೆದುಕೊಟ್ಟಿದ್ದೇವೆ ಎಂಬ ಮಾತು ನಂಬದೆ ಬಿಸಿ ಸೋಪು ನೀರಿನಲ್ಲಿ ಬ್ರಷ್ ಹಾಕಿ ಬೋರು, ಗ್ಯಾಲರಿಗಳನ್ನು ಮತ್ತೆ ಉಜ್ಜಬೇಕು. ಪೆಟ್ರೋಲು ಹೋನಿಂಗ್ ಪುಡಿಯನ್ನು ಗೆರೆಗಳಿಂದ ಎತ್ತುವುದಿಲ್ಲ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬೂದು ಬಣ್ಣ ಬರುವುದು ನಿಂತ ಮೇಲೆ ಒಣಗಿಸಿ, ತಕ್ಷಣ ಎಣ್ಣೆ ಸವರಿ, ಚೀಲ ಮುಚ್ಚಿಡಿ. ತೊಳೆದ ಬೋರಿಗೆ ತುಕ್ಕು ಹಿಡಿಯಲು ನಿಮಿಷಗಳು ಸಾಕು.