ಖೋಡದ್‌ನಲ್ಲಿ ಏಡಿ ಪಲ್ಸಾರ್‌ನ ದೈತ್ಯ ಮಿಡಿತಗಳನ್ನು ಹಿಡಿಯುವ ಬಗೆ

ಪುಣೆಯಲ್ಲಿ ಭೌತಶಾಸ್ತ್ರ ಓದುತ್ತಿರುವ ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯ ವಿದ್ಯಾರ್ಥಿಗಳು ಭಾನುವಾರಗಳಲ್ಲಿ ನಮ್ಮ ಮನೆಗೆ ಬಂದಾಗ, ವೇಗವಾಗಿ ಸುತ್ತುತ್ತ ಪ್ರತಿ ಸುತ್ತಿಗೂ ರೇಡಿಯೋ ಮಿಡಿತ ಕಳುಹಿಸುವ ನ್ಯೂಟ್ರಾನ್ ತಾರೆಯ, ಅಂದರೆ ಪಲ್ಸಾರ್‌ನ, ಒಂದೇ ಒಂದು ಮಿಡಿತವನ್ನು ಬಿಡಿಯಾಗಿ ಕಾಣಲು ಸಾಧ್ಯವೇ ಎಂದು ಕೇಳುತ್ತಾರೆ. ಹೆಚ್ಚಿನ ಪಲ್ಸಾರ್‌ಗಳ ವಿಷಯದಲ್ಲಿ ಅದು ಕಷ್ಟ. ಸಾವಿರಾರು ಸುತ್ತುಗಳನ್ನು ಒಂದರ ಮೇಲೊಂದು ಕೂಡಿಸಿದ ಮೇಲೆಯೇ ಅವು ಗದ್ದಲದಿಂದ ಮೇಲೇಳುತ್ತವೆ. ಆದರೆ ಸಿಡಿದ ತಾರೆಯ ಅವಶೇಷವಾದ ಏಡಿ ನೀಹಾರಿಕೆಯ ನಡುವಿನ ಎಳೆಯ ಪಲ್ಸಾರ್ ಆಗಾಗ ತನ್ನ ಸರಾಸರಿಗಿಂತ ನೂರಾರು ಪಟ್ಟು ಪ್ರಖರವಾದ ಮಿಡಿತಗಳನ್ನು ಹೊರಸೂಸುತ್ತದೆ. 1968ರಲ್ಲಿ ಅದು ಮೊದಲು ಪತ್ತೆಯಾದದ್ದೂ ಈ ದೈತ್ಯ ಮಿಡಿತಗಳಿಂದಲೇ; ಅದರ ಸುತ್ತುಗಾಲ ತಿಳಿದದ್ದು ಆ ಬಳಿಕ. ಪುಣೆಯಿಂದ ಸುಮಾರು 80 ಕಿಲೋಮೀಟರ್ ಉತ್ತರಕ್ಕೆ, ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿರುವ 30 ಆಂಟೆನಾಗಳ ರೇಡಿಯೋ ದೂರದರ್ಶಕ ಜಿಎಂಆರ್‌ಟಿಯಿಂದ ಅವನ್ನು ದಾಖಲಿಸಿ, ನಂಬಬಹುದಾದ ಪಟ್ಟಿಯಾಗಿ ಮಾಡಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಕಾಲದ ಆಯ್ಕೆ. ವೀಕ್ಷಣೆಯ ಅವಧಿಗಳು ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಆರಂಭವಾಗುತ್ತವೆ. ಅರ್ಜಿಯನ್ನು ಅದಕ್ಕೂ ಕೆಲವು ತಿಂಗಳು ಮುಂಚೆಯೇ ಸಲ್ಲಿಸಬೇಕಾಗುತ್ತದೆ. ಏಡಿ ಪಲ್ಸಾರ್‌ಗೆ ಅಕ್ಟೋಬರ್ ಅವಧಿಯನ್ನೇ ಆರಿಸಿರಿ. ನಮ್ಮ ಕಡೆ ಮಿರಗ ಎಂದು ಕರೆಯುವ ಮೃಗಶಿರ ಮಳೆಯ ದಿನಗಳಲ್ಲಿ, ಅಂದರೆ ಜೂನ್ ನಡುಭಾಗದಲ್ಲಿ, ಸೂರ್ಯನು ಆಕಾಶದಲ್ಲಿ ಏಡಿ ನೀಹಾರಿಕೆಗೆ ತೀರ ಸಮೀಪದಲ್ಲಿ ಹಾದುಹೋಗುತ್ತಾನೆ. ಆಗ ಸೂರ್ಯನ ರೇಡಿಯೋ ಗದ್ದಲವೂ ಸೂರ್ಯನ ಹೊರ ಆವರಣವಾದ ಕಿರೀಟದ (ಕರೋನಾ) ಎಲೆಕ್ಟ್ರಾನ್‌ಗಳೂ ಸೇರಿ ಅಳತೆಯನ್ನು ಕೆಡಿಸುತ್ತವೆ. ಡಿಸೆಂಬರ್ ನಡುಭಾಗದಲ್ಲಿ ಅದೇ ನೀಹಾರಿಕೆ ರಾತ್ರಿ ಸುಮಾರು ಹನ್ನೆರಡೂವರೆಗೆ ಖೋಡದ್‌ನ ನೆತ್ತಿಯಿಂದ ಬರೀ 3 ಡಿಗ್ರಿ ಉತ್ತರಕ್ಕೆ ಬಂದು ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಊರುಗಳ ಯಂತ್ರಗಳೂ ಬಹುಮಟ್ಟಿಗೆ ಮೌನವಾಗಿರುತ್ತವೆ.

ಎರಡನೆಯದು ಆವರ್ತನದ ಆಯ್ಕೆ, ಮತ್ತು ಇಲ್ಲಿ ಅವಸರ ಮಾಡಬಾರದು. ಪಲ್ಸಾರ್‌ನಿಂದ ನಮ್ಮವರೆಗಿನ ಸುಮಾರು 6,500 ಜ್ಯೋತಿರ್ವರ್ಷಗಳ ದಾರಿಯಲ್ಲಿರುವ ಎಲೆಕ್ಟ್ರಾನ್‌ಗಳು ಕಡಿಮೆ ಆವರ್ತನದ ಅಲೆಗಳನ್ನು ಹೆಚ್ಚು ತಡೆದು ಹಿಂದಕ್ಕೆ ಬೀಳಿಸುತ್ತವೆ. ಈ ಹಿಂಬೀಳುವಿಕೆಯೇ ಡಿಸ್ಪರ್ಷನ್. ಅದರ ಅಳತೆಯಾದ ಡಿಎಂ (ಡಿಸ್ಪರ್ಷನ್ ಮೆಷರ್, ಅಂದರೆ ದಾರಿಯುದ್ದಕ್ಕೂ ಇರುವ ಎಲೆಕ್ಟ್ರಾನ್‌ಗಳ ಒಟ್ಟು ಪ್ರಮಾಣ) ಏಡಿ ಪಲ್ಸಾರ್‌ಗೆ ಸುಮಾರು 56.8. ಇದರ ಪ್ರಕಾರ 750 ಮೆಗಾಹರ್ಟ್ಸ್‌ನಲ್ಲಿ ಬಂದ ಮಿಡಿತವೇ 550 ಮೆಗಾಹರ್ಟ್ಸ್‌ಗೆ ಬರುವಾಗ ಸುಮಾರು 0.36 ಸೆಕೆಂಡು ತಡವಾಗಿರುತ್ತದೆ. ಅಷ್ಟರಲ್ಲಿ ಪಲ್ಸಾರ್ ಹತ್ತಕ್ಕೂ ಹೆಚ್ಚು ಸುತ್ತು ಸುತ್ತಿರುತ್ತದೆ. 500ರಿಂದ 300 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಾದರೆ ಈ ತಡ 1.67 ಸೆಕೆಂಡಿನಷ್ಟಾಗುತ್ತದೆ. ಡಿಸ್ಪರ್ಷನ್ ಅನ್ನು ಲೆಕ್ಕದಿಂದ ಸರಿಪಡಿಸಬಹುದು, ಆದ್ದರಿಂದ ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಚದರಿಕೆಗೆ. ನೀಹಾರಿಕೆಯ ಎಳೆಗಳಲ್ಲಿ ಮತ್ತು ಅಂತರತಾರಾ ಅನಿಲದಲ್ಲಿ ಚದರಿದ ಅಲೆಗಳು ಮಿಡಿತಕ್ಕೆ ಉದ್ದನೆಯ ಬಾಲ ಹಚ್ಚುತ್ತವೆ. ಆ ಬಾಲ ಆವರ್ತನದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಬೆಳೆಯುವುದರಿಂದ 650ರಿಂದ 400 ಮೆಗಾಹರ್ಟ್ಸ್‌ಗೆ ಇಳಿದರೆ ಅದು ಸುಮಾರು ಏಳು ಪಟ್ಟು ಉದ್ದವಾಗುತ್ತದೆ, ಮತ್ತು ಅದನ್ನು ಪೂರ್ತಿಯಾಗಿ ಅಳಿಸುವ ಉಪಾಯವಿಲ್ಲ. ಮೊದಲ ಪ್ರಯತ್ನಕ್ಕೆ ಜಿಎಂಆರ್‌ಟಿಯ ಬ್ಯಾಂಡ್ 4ರಲ್ಲಿನ 550–750 ಮೆಗಾಹರ್ಟ್ಸ್ ಭಾಗ ಒಳ್ಳೆಯದು: ಮಿಡಿತಗಳು ಸಾಕಷ್ಟು ಪ್ರಖರವಾಗಿರುತ್ತವೆ, ಹಿಂಬೀಳುವಿಕೆ ಕಣ್ಣಿಗೆ ಕಾಣುವಷ್ಟಿರುತ್ತದೆ, ಚದರಿಕೆಯೂ ಹತೋಟಿಯಲ್ಲಿರುತ್ತದೆ.

ಹೊಸಬರು ಹೆಚ್ಚಾಗಿ ಕಡೆಗಣಿಸುವ ಸಂಗತಿಯೆಂದರೆ ನೀಹಾರಿಕೆಯೇ ದೊಡ್ಡ ಗದ್ದಲದ ಮೂಲ ಎಂಬುದು. ಈ ಆವರ್ತನದಲ್ಲಿ ಅದರ ಪ್ರಖರತೆ ಸುಮಾರು 1,000 ಜಾನ್‌ಸ್ಕಿ (ರೇಡಿಯೋ ಪ್ರಖರತೆಯ ಮಾನ). 45 ಮೀಟರ್ ವ್ಯಾಸದ ಒಂದೊಂದು ಆಂಟೆನಾದೊಳಗೂ ಅದು ಸುರಿಯುವ ಶಕ್ತಿ, ಆ ಆಂಟೆನಾ ಮತ್ತು ಸುತ್ತಲ ಆಕಾಶದ ಸ್ವಂತ ಗದ್ದಲಕ್ಕಿಂತ ಕೆಲವು ಪಟ್ಟು ಹೆಚ್ಚು. 30 ಆಂಟೆನಾಗಳ ಶಕ್ತಿಯನ್ನು ಬರಿದೇ ಕೂಡಿಸುವ ಇನ್‌ಕೊಹೆರೆಂಟ್ ವಿಧಾನದಲ್ಲಿ ಪ್ರತಿಯೊಂದು ಆಂಟೆನಾವೂ ಇಡೀ ನೀಹಾರಿಕೆಯನ್ನು ಕೇಳಿಸಿಕೊಳ್ಳುತ್ತದೆ. ಅಲೆಗಳ ಹಂತವನ್ನು (ಏರಿಳಿತದ ಸ್ಥಾನವನ್ನು) ಹೊಂದಿಸಿ ಕೂಡಿಸುವ ಫೇಸ್ಡ್ ಅರೇ ವಿಧಾನದಲ್ಲಾದರೆ, ಸುಮಾರು ಒಂದು ಕಿಲೋಮೀಟರ್ ಹರಡಿದ ನಡುಚೌಕದ ಆಂಟೆನಾಗಳಿಂದಲೇ ಸುಮಾರು ಒಂದೂವರೆ ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತನೆಯ ಒಂದು ಭಾಗವೇ ಆರ್ಕ್‌ಮಿನಿಟ್) ಅಗಲದ ನೋಟ ಸಿಗುತ್ತದೆ. ಸುಮಾರು 6 ಆರ್ಕ್‌ಮಿನಿಟ್ ಉದ್ದ, 4 ಆರ್ಕ್‌ಮಿನಿಟ್ ಅಗಲದ ನೀಹಾರಿಕೆಯ ಬಹುಪಾಲು ಹೊರಗುಳಿದು ಪಲ್ಸಾರ್ ಮಾತ್ರ ಪೂರ್ಣ ಬಲದಲ್ಲಿ ಉಳಿಯುತ್ತದೆ. ಆದ್ದರಿಂದ ಏಡಿ ಪಲ್ಸಾರ್‌ಗೆ ಫೇಸ್ಡ್ ಅರೇ ಬಿಟ್ಟು ಬೇರೆಯದನ್ನು ನಾನು ಸಲಹೆ ಮಾಡುವುದಿಲ್ಲ. ಹಂತ ಹೊಂದಿಸಲು ಸುಮಾರು 6 ಡಿಗ್ರಿ ದೂರದಲ್ಲಿರುವ 3ಸಿ 138 ಎಂಬ ರೇಡಿಯೋ ಆಕರ ಅನುಕೂಲಕರ. ವಾಯುಮಂಡಲದ ಮೇಲ್ಪದರವಾದ ಅಯಾನುಗೋಳ ಬದಲಾಗುತ್ತಲೇ ಇರುವುದರಿಂದ ಗಂಟೆಗೊಮ್ಮೆಯಾದರೂ ಅದಕ್ಕೆ ಹಿಂತಿರುಗಿ ಹಂತವನ್ನು ಮತ್ತೆ ಹೊಂದಿಸಿಕೊಳ್ಳಬೇಕು, ಮತ್ತು ನಡುಚೌಕದಿಂದ ಹೊರಚಾಚಿದ ತೋಳುಗಳ ದೂರದ ಆಂಟೆನಾಗಳು ಬೇಗ ಹಂತ ತಪ್ಪುವುದರಿಂದ ಅವನ್ನು ಸೇರಿಸುವ ಆಸೆಯನ್ನು ಮೊದಲ ಸಲಕ್ಕೆ ಬಿಡುವುದು ಲೇಸು.

ದಾಖಲೆಗೆ 200 ಮೆಗಾಹರ್ಟ್ಸ್ ಅಗಲವನ್ನು 2,048 ಚಾನೆಲ್‌ಗಳಾಗಿ ಒಡೆದು 81.92 ಮೈಕ್ರೋಸೆಕೆಂಡಿಗೊಂದು ಮಾದರಿ ತೆಗೆದುಕೊಳ್ಳಿರಿ. ಹೀಗೆ ಮಾಡಿದಾಗ 650 ಮೆಗಾಹರ್ಟ್ಸ್ ಸುತ್ತಮುತ್ತ ಒಂದೇ ಚಾನೆಲ್‌ನೊಳಗೆ ಉಳಿಯುವ ಮಸುಕು ಸುಮಾರು 170 ಮೈಕ್ರೋಸೆಕೆಂಡು. ಇದಕ್ಕಿಂತ ನುಣುಪಾಗಿ ಮಾದರಿ ತೆಗೆದರೆ ಡಿಸ್ಕ್ ತುಂಬುತ್ತದೆಯೇ ಹೊರತು ಹೊಸ ವಿವರ ಸಿಗುವುದಿಲ್ಲ. ಪ್ರತಿ ಮಾದರಿಗೆ ಎರಡು ಬೈಟ್‌ನಂತೆ ಗಂಟೆಗೆ 180 ಗಿಗಾಬೈಟ್ ಬೇಕಾಗುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ ಜಾಗ ಕಾದಿರಿಸಿಕೊಳ್ಳಿ. ದಾಖಲೆ ಶುರುವಾದ ಕ್ಷಣದ ಸಮಯಮುದ್ರೆಯ ಕಡತವನ್ನು ದತ್ತಾಂಶದ ಜೊತೆಗೇ ನಕಲು ಮಾಡಿಕೊಳ್ಳಿ. ಒಮ್ಮೆ ನಾನು ಅದನ್ನು ಮರೆತು ಪುಣೆಗೆ ಬಂದಿದ್ದೆ. ಆ ರಾತ್ರಿಯ ಒಂದು ಮಿಡಿತವನ್ನೂ ಸುತ್ತಿನ ಹಂತಕ್ಕೆ (ಸುತ್ತಿನ ಎಷ್ಟನೆಯ ಭಾಗದಲ್ಲಿ ಬಂತು ಎಂಬುದಕ್ಕೆ) ಹೊಂದಿಸಿ ನೋಡಲಾಗಲಿಲ್ಲ, ಆ ಬೇಸರ ಇನ್ನೂ ಹೋಗಿಲ್ಲ.

ಇನ್ನು ಹುಡುಕಾಟ. ಕೆಟ್ಟ ಚಾನೆಲ್‌ಗಳನ್ನು ಮುಚ್ಚಿ, ಪ್ರೆಸ್ಟೊದಂಥ ತಂತ್ರಾಂಶದಿಂದ 56.8ರ ಆಸುಪಾಸಿನ ಹಲವು ಡಿಎಂಗಳಿಗೆ ಹಿಂಬೀಳುವಿಕೆಯನ್ನು ಸರಿಪಡಿಸಿ, ಏನನ್ನೂ ಸರಿಪಡಿಸದ ಶೂನ್ಯ ಡಿಎಂನ ಸರಣಿಯನ್ನೂ ತಪ್ಪದೇ ಮಾಡಿಟ್ಟುಕೊಳ್ಳಿ. ಬಳಿಕ ಬೇರೆಬೇರೆ ಅಗಲದ ಕಿಟಕಿಗಳಿಂದ ಸರಣಿಯನ್ನು ಸೋಸಿ, ಗದ್ದಲಕ್ಕಿಂತ ಎದ್ದು ಕಾಣುವ ಬಿಂದುಗಳನ್ನು ಆರಿಸಬೇಕು. ಒಂದು ಗಂಟೆಯಲ್ಲಿ ಸುಮಾರು 4.4 ಕೋಟಿ ಮಾದರಿಗಳಿರುವುದರಿಂದ, ಗದ್ದಲ ಎಷ್ಟೇ ಶಿಸ್ತಿನದಾಗಿದ್ದರೂ 5 ಸಿಗ್ಮಾ (ಸಿಗ್ಮಾ ಎಂದರೆ ಗದ್ದಲದ ಸಾಮಾನ್ಯ ಏರಿಳಿತದ ಅಳತೆ) ಮಿತಿಯನ್ನು ಒಂದೊಂದು ಸರಣಿಯಲ್ಲೂ ಹನ್ನೆರಡು ಹದಿಮೂರು ಸುಳ್ಳು ಬಿಂದುಗಳು ದಾಟುತ್ತವೆ. 7 ಸಿಗ್ಮಾ ಇಟ್ಟರೆ ಇಂಥವು ಇಲ್ಲವೆನ್ನುವಷ್ಟು ಕಡಿಮೆ.

ಆದರೆ ವಿದ್ಯುತ್ ತಂತಿಯ ಕಿಡಿಯಾಗಲಿ, ಮಿಂಚಾಗಲಿ, ದಾರಿತಪ್ಪಿ ಬಂದ ಪ್ರಸಾರವಾಗಲಿ ಸಿಗ್ಮಾವನ್ನು ಲೆಕ್ಕಿಸುವುದಿಲ್ಲ. ಪ್ರಖರತೆಯೊಂದನ್ನೇ ನಂಬಿ ದೈತ್ಯ ಮಿಡಿತವೆಂದು ಬರೆದುಕೊಳ್ಳಬಾರದು. ಪ್ರತಿಯೊಂದೂ ಎರಡು ಪರೀಕ್ಷೆ ದಾಟಬೇಕು. ಮೊದಲನೆಯದಾಗಿ, ಡಿಎಂ ಬದಲಾದಂತೆ ಮಿಡಿತದ ಬಲ 56.8ರ ಬಳಿ ಏರಿ ಎರಡೂ ಕಡೆ ಇಳಿಯಬೇಕು, ಮತ್ತು ಆವರ್ತನ–ಕಾಲದ ಚಿತ್ರದಲ್ಲಿ ಮೇಲಿನಿಂದ ಕೆಳಕ್ಕೆ ಬಾಗುವ ಆ 0.36 ಸೆಕೆಂಡಿನ ಗೆರೆ ಕಾಣಬೇಕು. ಶೂನ್ಯ ಡಿಎಂನಲ್ಲಿ ಹೆಚ್ಚು ಬಲವಾಗಿ ಕಾಣುವುದು ಭೂಮಿಯದೇ. ಎರಡನೆಯ ಪರೀಕ್ಷೆ ಇನ್ನೂ ಕಠಿಣ: ಏಡಿಯ ದೈತ್ಯ ಮಿಡಿತಗಳು ಸುತ್ತಿನ ಯಾವುದೋ ಗಳಿಗೆಯಲ್ಲಿ ಬರುವುದಿಲ್ಲ, ಮುಖ್ಯ ಮಿಡಿತದ ಮತ್ತು ಅದರಿಂದ ಸುಮಾರು 0.4 ಸುತ್ತು ದೂರದಲ್ಲಿರುವ ಅಂತರಮಿಡಿತ ಎಂಬ ಎರಡನೆಯ ಮಿಡಿತದ ಕಿರಿದಾದ ಕಿಟಕಿಗಳಲ್ಲಿ ಬರುತ್ತವೆ. ಪತ್ತೆಯಾದವೆಲ್ಲ ಆ ಎರಡು ಕಿಟಕಿಗಳಲ್ಲಿ ಗುಂಪುಗೂಡಿದರೆ ಸಂಶಯಕ್ಕೆ ಎಡೆಯಿಲ್ಲ. ಸುತ್ತಿನ ಉದ್ದಕ್ಕೂ ಚೆಲ್ಲಿದ್ದರೆ ಮಿತಿಯನ್ನು ಏರಿಸಬೇಕು.

ಸುತ್ತಿನ ಈ ಹಂತದ ಲೆಕ್ಕಕ್ಕೆ ಹಳೆಯ ಸುತ್ತುಗಾಲ ಸಾಲದು. ಸುಮಾರು 33.8 ಮಿಲಿಸೆಕೆಂಡಿನ ಸುತ್ತುಗಾಲ ದಿನಕ್ಕೆ 36 ನ್ಯಾನೋಸೆಕೆಂಡಿನಷ್ಟು ಹಿಗ್ಗುತ್ತಿದೆ. ಕೇಳಲು ಅಲ್ಪ; ಆದರೆ ತಿಂಗಳ ಹಿಂದಿನ ಬೆಲೆಯನ್ನು ಹಾಗೆಯೇ ಬಳಸಿದರೆ ಒಂದು ಗಂಟೆಯ ಒಂದು ಲಕ್ಷಕ್ಕೂ ಹೆಚ್ಚು ಸುತ್ತುಗಳಲ್ಲಿ ತಪ್ಪು ಕೂಡುತ್ತ ಸುಮಾರು 0.11 ಸೆಕೆಂಡಾಗಿ, ಹಂತ ಮೂರು ಸುತ್ತಿಗೂ ಮಿಕ್ಕಿ ಜಾರುತ್ತದೆ. ಇಂಗ್ಲೆಂಡಿನ ಜೊಡ್ರೆಲ್ ಬ್ಯಾಂಕ್ ವೀಕ್ಷಣಾಲಯ ಏಡಿ ಪಲ್ಸಾರ್‌ಗೆಂದೇ ತಿಂಗಳು ತಿಂಗಳೂ ಪ್ರಕಟಿಸುವ ಪಟ್ಟಿಯಿಂದ ಸುತ್ತುಗಾಲ, ಅದರ ಏರಿಕೆಯ ದರ, ಡಿಎಂ ಮೂರನ್ನೂ ತೆಗೆದುಕೊಳ್ಳಿ, ಏಕೆಂದರೆ ಡಿಎಂ ಕೂಡ ನಿಧಾನವಾಗಿ ಬದಲಾಗುತ್ತಿರುತ್ತದೆ. ಮಿಡಿತ ಬಂದ ಸಮಯಗಳನ್ನು ಸೌರವ್ಯೂಹದ ದ್ರವ್ಯರಾಶಿ ಕೇಂದ್ರಕ್ಕೆ ಪರಿವರ್ತಿಸಿದ ಮೇಲೆಯೇ ಹಂತ ಲೆಕ್ಕ ಹಾಕಬೇಕು. ಈ ಪಲ್ಸಾರ್ ನಡುನಡುವೆ ಹಠಾತ್ತನೆ ವೇಗ ಪಡೆಯುವುದೂ ಉಂಟು, ವೀಕ್ಷಣೆಯ ಆಸುಪಾಸಿನಲ್ಲಿ ಹಾಗಾಗಿದೆಯೇ ಎಂದು ಪಟ್ಟಿಯಲ್ಲೇ ನೋಡಿಕೊಳ್ಳಿ.

ಮಿಡಿತದೊಳಗಿನ ನ್ಯಾನೋಸೆಕೆಂಡು ಕಾಲದ ಕಿಡಿಗಳನ್ನು ನೋಡಬೇಕೆನ್ನುವವರಿಗೆ ಈ ದಾಖಲೆ ಸಾಲದು. ಅವರು ಅಲೆಯ ಮೂಲ ವೋಲ್ಟೇಜನ್ನೇ ದಾಖಲಿಸಿ ಕೊಹೆರೆಂಟ್ ಡಿಡಿಸ್ಪರ್ಷನ್ (ಆ ವೋಲ್ಟೇಜಿನ ಮೇಲೆಯೇ ಹಿಂಬೀಳುವಿಕೆಯನ್ನು ಪೂರ್ತಿ ಅಳಿಸುವ ಲೆಕ್ಕ) ಮಾಡಬೇಕು, ಮತ್ತು ಹೆಚ್ಚು ಆವರ್ತನಕ್ಕೆ ಹೋಗಬೇಕು.

ಪಟ್ಟಿ ಸಿದ್ಧವಾದ ಮೇಲೆ ಪ್ರತಿ ಮಿಡಿತದ ಸುತ್ತಲಿನ ಎರಡು ಸೆಕೆಂಡಿನ ಮೂಲ ದತ್ತಾಂಶವನ್ನು ಬೇರೆಯಾಗಿ ಕತ್ತರಿಸಿಡಿ, ಆಮೇಲೆ ಮಿಡಿತಗಳ ಶಕ್ತಿಯ ಹಂಚಿಕೆಯನ್ನು ಎರಡೂ ಅಕ್ಷಗಳಲ್ಲಿ ಲಾಗ್ ಅಳತೆ ಹಾಕಿ ಬಿಡಿಸಿರಿ. ದೈತ್ಯ ಮಿಡಿತಗಳ ಹಂಚಿಕೆ ಘಾತನಿಯಮವನ್ನು ಅನುಸರಿಸುವುದರಿಂದ ಚುಕ್ಕೆಗಳು ಸರಳರೇಖೆಯಲ್ಲಿ ಇಳಿಯುತ್ತವೆ. ಕಡಿಮೆ ಶಕ್ತಿಯ ತುದಿಯಲ್ಲಿ ಮಾತ್ರ ರೇಖೆ ಬಾಗಿದಂತೆ ತೋರುತ್ತದೆ. ಆ ಬಾಗು ಪಲ್ಸಾರ್‌ನದೆಂದು ತಕ್ಷಣ ಬರೆದುಬಿಡಬೇಡಿ. ಗೊತ್ತಿರುವ ಶಕ್ತಿಯ ಕೃತಕ ಮಿಡಿತಗಳನ್ನು ಅದೇ ದತ್ತಾಂಶದಲ್ಲಿ ಬೆರೆಸಿ, ನಿಮ್ಮ ಹುಡುಕಾಟ ಯಾವ ಶಕ್ತಿಯವರೆಗೆ ಅವನ್ನೆಲ್ಲ ಮರಳಿ ಪತ್ತೆಮಾಡುತ್ತದೆ, ಎಲ್ಲಿಂದ ಬಿಡತೊಡಗುತ್ತದೆ ಎಂದು ನೋಡಿ, ಆ ಮಿತಿಗಿಂತ ಮೇಲಿನ ಚುಕ್ಕೆಗಳಿಗಷ್ಟೇ ಇಳಿಜಾರನ್ನು ಹೊಂದಿಸಿರಿ.