ಐದು ಮತ್ತು ಎರಡು: ಆರರಿಂದ ಹತ್ತನೇ ತರಗತಿ ಮನೆಯಲ್ಲೇ ಓದಿಸಿದ ಲೆಕ್ಕ

ಸಿಇಟಿಯಲ್ಲಿ ಸರ್ಕಾರಿ ಸೀಟು ಬೇಕೆಂದರೆ ಮಾಮೂಲಿ ನಿಯಮ ಒಂದಿದೆ. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಹನ್ನೆರಡು ವರ್ಷದಲ್ಲಿ ಕನಿಷ್ಠ ಏಳು ಶೈಕ್ಷಣಿಕ ವರ್ಷ ಕರ್ನಾಟಕದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಶಾಲೆ-ಕಾಲೇಜಿನಲ್ಲಿ ಓದಿರಬೇಕು, ಹತ್ತನೇ ತರಗತಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲೇ ಪಾಸಾಗಿರಬೇಕು. ಮನೆಶಿಕ್ಷಣಕ್ಕೆ ಇಳಿದ ಅನೇಕರು ಇದನ್ನು ನೋಡುವುದು ಅರ್ಜಿ ತುಂಬುವ ದಿನ. ನಾವು ಲೆಕ್ಕ ಶುರು ಮಾಡಿದ್ದೇ ಅಲ್ಲಿಂದ. ಒಂದರಿಂದ ಐದು ಮಾನ್ಯತೆ ಇರುವ ಶಾಲೆ, ಆರರಿಂದ ಹತ್ತು ಮನೆ, ಆಮೇಲೆ ಪಿಯುಸಿ ಎರಡು ವರ್ಷ ಕಾಲೇಜು. ಐದು ಕೂಡಿಸು ಎರಡು, ಏಳು. ನಡುವಿನ ಐದು ವರ್ಷ ಪೂರ್ತಿ ನಮ್ಮದು.

ಈ ಲೆಕ್ಕ ಕೇಳಿದವರೆಲ್ಲ ತಲೆ ಅಲ್ಲಾಡಿಸಿದ್ದರು. ಸರ್ಟಿಫಿಕೇಟ್ ಯಾರು ಕೊಡುತ್ತಾರೆ, ಪಿಯುಸಿಗೆ ಯಾರು ಸೇರಿಸಿಕೊಳ್ಳುತ್ತಾರೆ ಎಂಬುದೇ ಎಲ್ಲರ ಪ್ರಶ್ನೆ. ಈಗ ಮನೆಯ ಇಬ್ಬರು ಮಕ್ಕಳೂ ಇದೇ ದಾರಿಯಲ್ಲಿ ಬಂದು ಪಿಯುಸಿ ಸೇರಿ ಆಗಿದೆ, ದೊಡ್ಡವಳಿಗೆ ಸಿಇಟಿಯಲ್ಲೇ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಹಾಗಾಗಿ ಧೈರ್ಯದಿಂದ ಬರೆಯುತ್ತಿದ್ದೇನೆ. ಮುಂದೆ ಬರುವ ಎನ್‌ಐಒಎಸ್ ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಶಾಲೆಗೆ ಹೋಗದವರೂ ಹತ್ತನೇ ತರಗತಿಯ ಪರೀಕ್ಷೆ ಬರೆಯಬಹುದಾದ ಬೋರ್ಡು; ಟಿಎಂಎ ಅಂದರೆ ಅದಕ್ಕೆ ಮನೆಯಲ್ಲೇ ಬರೆದು ಕಳಿಸುವ, ಅಂಕವಿರುವ ಅಸೈನ್‌ಮೆಂಟು.

ಒಂದು ನಷ್ಟವನ್ನು ಮೊದಲೇ ಹೇಳಿಬಿಡುತ್ತೇನೆ. ಗ್ರಾಮೀಣ ಮೀಸಲು ಮತ್ತು ಕನ್ನಡ ಮಾಧ್ಯಮ ಮೀಸಲು ಎರಡಕ್ಕೂ ಒಂದರಿಂದ ಹತ್ತರವರೆಗಿನ ಪೂರ್ತಿ ಹತ್ತು ವರ್ಷದ ಶಾಲಾ ದಾಖಲೆ ಬೇಕು. ಈ ದಾರಿ ಹಿಡಿದರೆ ಅವೆರಡನ್ನೂ ಕೈಬಿಟ್ಟ ಹಾಗೆ. ಹಳ್ಳಿಯ ಕನ್ನಡ ಶಾಲೆಯ ಮಗುವಿಗೆ ಇದು ಸಣ್ಣ ನಷ್ಟವಲ್ಲ, ಕೂತು ಯೋಚಿಸಿ.

ಶಾಲೆ ಬಿಡಿಸುವಾಗ ಐದನೇ ತರಗತಿಯ ಕೊನೆಗೇ ಬಿಡಿಸಬೇಕು, ನಡುವರ್ಷದಲ್ಲಿ ಬೇಡ. ಅರ್ಧ ವರ್ಷ ಯಾವ ಲೆಕ್ಕಕ್ಕೂ ಬರುವುದಿಲ್ಲ. ಟಿಸಿ ತೆಗೆದುಕೊಳ್ಳುವ ದಿನವೇ ಒಂದರಿಂದ ಐದರವರೆಗಿನ ವ್ಯಾಸಂಗ ಪ್ರಮಾಣಪತ್ರ ಬರೆಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಮೇಲುಸಹಿ ಹಾಕಿಸಿ ಇಟ್ಟುಕೊಳ್ಳಿ. ಏಳು ವರ್ಷ ಬಿಟ್ಟು ಹೋದರೆ ಮುಖ್ಯ ಶಿಕ್ಷಕರು ಬದಲಾಗಿರುತ್ತಾರೆ, ದಾಖಲಾತಿ ಪುಸ್ತಕ ಸಿಗುವುದಿಲ್ಲ, ಕೆಲವು ಖಾಸಗಿ ಶಾಲೆಗಳು ಮುಚ್ಚಿಯೇ ಹೋಗಿರುತ್ತವೆ. ಎಸ್‌ಎಟಿಎಸ್ ಸಂಖ್ಯೆಯನ್ನೂ, ಅಂದರೆ ರಾಜ್ಯದ ಶಾಲಾ ಮಕ್ಕಳ ಆನ್‌ಲೈನ್ ದಾಖಲೆಯಲ್ಲಿ ಮಗುವಿಗಿರುವ ಸಂಖ್ಯೆಯನ್ನೂ, ಬರೆದಿಟ್ಟುಕೊಳ್ಳಿ. ಟಿಸಿ ಆದ ಮೇಲೆ ಇನ್ನೊಂದು ಶಾಲೆಯಲ್ಲಿ ಹೆಸರು ಕಾಣದಿದ್ದರೆ ಮಗು ಶಾಲೆ ಬಿಟ್ಟವರ ಪಟ್ಟಿಗೆ ಹೋಗುತ್ತದೆ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಯವರು ಮನೆಗೆ ಬರುವುದು ಬಹುಪಾಲು ಆ ಪಟ್ಟಿ ಹಿಡಿದೇ.

ಅವರು ಬಂದಾಗ ಹೆದರುವುದೂ ಬೇಡ, ಜಗಳವೂ ಬೇಡ. ಬರುವವರು ಸಿಆರ್‌ಪಿ (ಶಿಕ್ಷಣ ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅಥವಾ ಹತ್ತಿರದ ಶಾಲೆಯ ಶಿಕ್ಷಕರು, ಅವರ ಕೆಲಸ ಅವರದು. ‘ಬೇರೆ ಊರಲ್ಲಿ ಓದ್ತಿದ್ದಾನೆ’ ಎಂದು ಸುಳ್ಳು ಹೇಳುವವರಿದ್ದಾರೆ. ಆ ಸುಳ್ಳು ಮುಂದಿನ ವರ್ಷವೇ ಕಾಲಿಗೆ ತೊಡರುತ್ತದೆ, ಯಾವ ಊರು, ಯಾವ ಶಾಲೆ ಎಂದು ಎಸ್‌ಎಟಿಎಸ್‌ನಲ್ಲಿ ಹುಡುಕುತ್ತಾರೆ. ಅದರ ಬದಲು ಒಂದು ಬಾಕ್ಸ್ ಫೈಲ್ ಮಾಡಿ: ಜನನ ಪ್ರಮಾಣಪತ್ರ, ಟಿಸಿ, ಲಸಿಕೆ ಕಾರ್ಡು, ವಾರವಾರದ ಪಾಠದ ದಾಖಲೆ, ತಿದ್ದಿದ ಉತ್ತರ ಪತ್ರಿಕೆಗಳು, ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಒಂದು ಪುಟದ ಪತ್ರ. ಪತ್ರದಲ್ಲಿ ಮೂರು ಮಾತು ಸಾಕು. ಮಗುವಿಗೆ ಮನೆಯಲ್ಲಿ ಪಾಠ ನಡೆಯುತ್ತಿದೆ, ಯಾವ ಪಠ್ಯ, ಹದಿನಾಲ್ಕು ತುಂಬಿದ ಮೇಲೆ ಯಾವ ಬೋರ್ಡಿನ ಪರೀಕ್ಷೆ. ತಿದ್ದಿದ ಉತ್ತರ ಪತ್ರಿಕೆ ಕಣ್ಣಿಗೆ ಬಿದ್ದರೆ ಶಿಕ್ಷಕರಾದವರ ಮಾತಿನ ಧಾಟಿಯೇ ಬದಲಾಗುತ್ತದೆ.

ಕಾನೂನು ಏನು ಹೇಳುತ್ತದೆ ಎಂದು ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರ 10ನೇ ಕಲಮು ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎನ್ನುತ್ತದೆ. ಇದನ್ನು ಮುಚ್ಚಿಟ್ಟು ಮಾತಾಡಬಾರದು. ಆದರೆ ಆ ಕಲಮಿಗೆ ತಂದೆತಾಯಿಯ ಮೇಲೆ ದಂಡವನ್ನು ಈ ಕಾಯ್ದೆ ಇಟ್ಟಿಲ್ಲ. 8ನೇ ಕಲಮು ‘ಕಡ್ಡಾಯ’ ಎಂಬುದನ್ನು ಸರ್ಕಾರದ ಮೇಲಿನ ಹೊಣೆ ಎಂದು ವಿವರಿಸುತ್ತದೆ. ಸಂವಿಧಾನದ 51ಎ(ಕೆ) ಹೇಳುವುದು ಆರರಿಂದ ಹದಿನಾಲ್ಕರ ಮಗುವಿಗೆ ಶಿಕ್ಷಣದ ಅವಕಾಶ ಒದಗಿಸಬೇಕೆಂದು. ಮನೆಶಿಕ್ಷಣ ಎಂಬ ಮಾತೇ ಕಾಯ್ದೆಯಲ್ಲಿಲ್ಲ, ಸಮ್ಮತಿಯೂ ಇಲ್ಲ, ನಿಷೇಧವೂ ಇಲ್ಲ. 4ನೇ ಕಲಮಿನಡಿ ಬೇಕೆಂದಾಗ ವಯಸ್ಸಿಗೆ ತಕ್ಕ ತರಗತಿಗೆ ವಾಪಸು ಸೇರಿಸಬಹುದು, ಆ ಬಾಗಿಲು ತೆರೆದೇ ಇದೆ.

ನನ್ನ ನಿಲುವು ನೇರವಾಗಿದೆ. ಮಗು ಮೊದಲು ಮನೆಯದು, ಆಮೇಲೆ ರಾಜ್ಯದ್ದು. ಸರ್ಕಾರ ಪರೀಕ್ಷೆ ಇಡಲಿ, ನ್ಯಾಯವಾಗಿ ತಿದ್ದಲಿ, ಓದಿಸುವ ಗತಿಯಿಲ್ಲದವರಿಗೆ ಶಾಲೆ ನಡೆಸಲಿ; ಅಡುಗೆಮನೆಯ ಮೇಜಿನ ಮೇಲೆ ಯಾವ ಪುಸ್ತಕ ಇರಬೇಕೆಂದು ಅದು ಹೇಳುವುದು ಬೇಡ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 26ನೇ ವಿಧಿಯಲ್ಲೇ ಎಂಥ ಶಿಕ್ಷಣ ಎಂದು ಆರಿಸುವ ಮೊದಲ ಹಕ್ಕನ್ನು ತಂದೆತಾಯಿಗೆ ಕೊಟ್ಟಿದೆ. ನಮ್ಮ ರಾಜ್ಯದ 1994ರ ಭಾಷಾ ನೀತಿಯ ಆದೇಶ ಸುಪ್ರೀಂ ಕೋರ್ಟಿಗೆ ಹೋಗಿ 2014ರ ಮೇ 6ರಂದು ಬಂದ ತೀರ್ಪೂ ಅದೇ ದಾರಿಯದು: ಪ್ರಾಥಮಿಕ ಹಂತದಲ್ಲಿ ಮಾಧ್ಯಮ ಆರಿಸುವುದು ಮಗುವಿನ ಪರವಾಗಿ ತಂದೆತಾಯಿ, ರಾಜ್ಯ ಹೇರುವ ಹಾಗಿಲ್ಲ. ಕನ್ನಡದವರಲ್ಲಿ ಅನೇಕರಿಗೆ ಆ ತೀರ್ಪಿನ ಮೇಲೆ ಕೋಪವಿದೆ. ನಾವು ಆರು, ಏಳು, ಎಂಟು ಪೂರ್ತಿ ಕನ್ನಡದಲ್ಲೇ ಓದಿಸಿದವರು, ಆದರೂ ತೀರ್ಪು ಸರಿ ಎನ್ನುತ್ತೇನೆ. ಕನ್ನಡವನ್ನು ಆರಿಸಿಕೊಂಡ ಮನೆಯಲ್ಲಿ ಕನ್ನಡ ಉಳಿಯುತ್ತದೆ. ಆದೇಶಕ್ಕೆ ಬಗ್ಗಿ ಓದಿಸಿದವರು ಆದೇಶ ಸಡಿಲವಾದ ದಿನವೇ ಬಿಡುತ್ತಾರೆ.

ಇನ್ನು ಪಾಠ. ಪಠ್ಯಪುಸ್ತಕ ಸಂಘದ ಪಿಡಿಎಫ್, ಎನ್‌ಸಿಇಆರ್‌ಟಿ ಪಿಡಿಎಫ್ ಎರಡೂ ಉಚಿತ. ಶಾಲೆಯ ಎಂಟು ಪೀರಿಯಡ್ ವೇಳಾಪಟ್ಟಿಯನ್ನು ಮನೆಗೆ ತಂದರೆ ಒಂದು ತಿಂಗಳೂ ಬಾಳುವುದಿಲ್ಲ. ಹಾಜರಿ, ಸಾಲು, ಗಲಾಟೆ ಅಡಗಿಸುವುದು ಇವೆಲ್ಲ ಕಳೆದರೆ ಶಾಲೆಯಲ್ಲೂ ನಿಜವಾದ ಪಾಠ ಮೂರ್ನಾಲ್ಕು ಗಂಟೆಗಿಂತ ಹೆಚ್ಚಿರುವುದಿಲ್ಲ. ಬೆಳಗ್ಗೆ ಒಂಬತ್ತರಿಂದ ಹನ್ನೆರಡೂವರೆ, ದಿನಕ್ಕೆ ಮೂರೇ ವಿಷಯ, ಗಣಿತ ಮಾತ್ರ ದಿನಾ. ವಿಡಿಯೊ ಪಾಠ ಕೆಡುವುದು ಯಾಕೆಂದರೆ ನೋಡುವಾಗ ಎಲ್ಲವೂ ಅರ್ಥವಾದ ಹಾಗಿರುತ್ತದೆ, ಪೆನ್ನು ಹಿಡಿದಾಗ ಎರಡನೇ ಹೆಜ್ಜೆಗೇ ನಿಲ್ಲುತ್ತದೆ. ಹತ್ತು ನಿಮಿಷ ನೋಡಿದರೆ ಮೂವತ್ತು ನಿಮಿಷ ಬರೆಯಬೇಕು ಎಂಬ ಕಟ್ಟು ಹಾಕಿದ ಮೇಲೆ ಸರಿಹೋಯಿತು.

ಮನೆಯಲ್ಲಿ ಓದಿದ ಮಕ್ಕಳ ದೊಡ್ಡ ಕೊರತೆ ಬರವಣಿಗೆಯ ವೇಗ, ಇದನ್ನು ಯಾರೂ ಹೇಳುವುದಿಲ್ಲ. ಬಾಯಲ್ಲಿ ಎಲ್ಲ ಉತ್ತರವೂ ಬರುತ್ತದೆ, ಮೂರು ಗಂಟೆಯ ಪತ್ರಿಕೆಯಲ್ಲಿ ಕೊನೆಯ ಇಪ್ಪತ್ತು ಅಂಕ ಬಿಟ್ಟು ಬರುತ್ತಾರೆ. ಎಂಟನೇ ತರಗತಿಯ ವಯಸ್ಸಿನಿಂದಲೇ ಪ್ರತಿ ಶನಿವಾರ ಬಿಳಿ ಹಾಳೆ, ಗಡಿಯಾರ, ಎದುರಿಗೆ ಯಾರಾದರೂ ಹಿರಿಯರು. ಮೊದಲು ಒಂದು ಗಂಟೆ, ವರ್ಷದ ಕೊನೆಗೆ ಮೂರು. ತಿದ್ದುವವರು ತಾಯಿತಂದೆ ಆಗಬಾರದು, ಅಂಕ ಉದಾರವಾಗುತ್ತದೆ. ನಿವೃತ್ತ ಶಿಕ್ಷಕರೊಬ್ಬರಿಗೆ ತಿಂಗಳಿಗೆ ಸಾವಿರದೈನೂರರ ಹಾಗೆ ಕೊಡುತ್ತಿದ್ದೆವು, ಇಡೀ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಟ್ಟ ಹಣ ಅದೇ.

ಕನ್ನಡಕ್ಕೆ ಬೇರೆಯದೇ ಪ್ರಯೋಗ ಮಾಡಿದ್ದೆವು, ದಾರಿ ತಪ್ಪಿದರೂ ಹೇಳಬೇಕು. ವ್ಯಾಕರಣದ ಜೊತೆಗೇ ಛಂದಸ್ಸಿನ ಪ್ರಸ್ತಾರ ಹಾಕಿಸುವುದು, ಅಂದರೆ ಪದ್ಯದ ಅಕ್ಷರಕ್ಷರಕ್ಕೂ ಗುರು (ಎರಡು ಮಾತ್ರೆ), ಲಘು (ಒಂದು ಮಾತ್ರೆ) ಗುರುತು ಹಾಕಿಸುವುದು. ಭಾಮಿನಿ ಷಟ್ಪದಿಯ 1, 2, 4, 5ನೇ ಸಾಲಿಗೆ ಮೂರು-ನಾಲ್ಕು-ಮೂರು-ನಾಲ್ಕು, ತಲಾ 14 ಮಾತ್ರೆ. 3 ಮತ್ತು 6ನೇ ಸಾಲಿಗೆ ಅದೇ ಮೂರು-ನಾಲ್ಕು ಮೂರು ಸಲ, ಕೊನೆಗೊಂದು ಗುರು, 23 ಮಾತ್ರೆ. ಪದ್ಯಕ್ಕೆ ಒಟ್ಟು 102. ಲೆಕ್ಕ ಕೂಡದಿದ್ದರೆ ಒತ್ತಕ್ಷರದ ಹಿಂದಿನ ಅಕ್ಷರವನ್ನು ಲಘು ಎಂದು ಹಾಕಿರುತ್ತಾರೆ, ಹುಡುಕಿ ತಿದ್ದುತ್ತಾರೆ. ಒತ್ತು, ದೀರ್ಘದ ತಪ್ಪುಗಳು ಆರು ತಿಂಗಳಲ್ಲಿ ಬಹುಪಾಲು ಮಾಯವಾದವು, ಅದಕ್ಕಾಗಿ ಉಕ್ತಲೇಖನ ಕೊಟ್ಟಿದ್ದೇ ಇಲ್ಲ. ಅರೆ, ಕಾಲು, ಮುಕ್ಕಾಲು ಮಗ್ಗಿಯನ್ನೂ ಬಾಯಿಪಾಠ ಮಾಡಿಸಿದೆವು, ಭಿನ್ನರಾಶಿಗೆ ಅದು ಬಹಳ ಒದಗಿತು.

ಒಂಬತ್ತರಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಹೊರಳಿಸಿದೆವು, ಪರೀಕ್ಷೆ ಇಂಗ್ಲಿಷಿನಲ್ಲಿ ಬರೆಸುವುದಿತ್ತು. ಎರಡು ಕಂಬಸಾಲಿನ ನೋಟ್‌ಬುಕ್ಕು, ಎಡಕ್ಕೆ ಕನ್ನಡದ ಪಾರಿಭಾಷಿಕ, ಬಲಕ್ಕೆ ಇಂಗ್ಲಿಷಿನದು. ವಿಷಯ ಮೊದಲೇ ಗೊತ್ತಿದ್ದರಿಂದ ನಾಲ್ಕೈದು ತಿಂಗಳು ಸಾಕಾಯಿತು.

ಎನ್‌ಐಒಎಸ್‌ನಲ್ಲಿ ನಾವು ಆರಿಸಿದ್ದು (ಪಕ್ಕದ ಸಂಖ್ಯೆ ವಿಷಯದ ಕೋಡು) ಕನ್ನಡ 208, ಇಂಗ್ಲಿಷ್ 202, ಗಣಿತ 211, ವಿಜ್ಞಾನ 212, ಸಮಾಜ ವಿಜ್ಞಾನ 213. ಸುಲಭವೆಂದು ಗಣಿತ, ವಿಜ್ಞಾನ ಬಿಟ್ಟು ಬೇರೆ ತುಂಬಿಸುವವರಿದ್ದಾರೆ, ಪಿಯುಸಿ ವಿಜ್ಞಾನಕ್ಕೆ ಹೋಗುವ ಮಗುವಿಗೆ ಆಗ ಬಾಗಿಲು ಮುಚ್ಚಿದ ಹಾಗೆ. ಎಂಟನೇ ತರಗತಿಯ ಪ್ರಮಾಣಪತ್ರ ಇಲ್ಲದವರಿಗೆ ಸ್ವಯಂ ಘೋಷಣೆ ಸಾಕು. ಈ ಒಂದು ಸಾಲಿನ ನಂಬಿಕೆಗಾಗಿ ಈ ಸಂಸ್ಥೆಯ ಮೇಲೆ ನನಗೆ ಗೌರವ. ಮನೆಯವರ ಮಾತು ನಂಬಿ ಪರೀಕ್ಷೆಗೆ ಕೂರಿಸುತ್ತದೆ, ಅಳೆಯುವುದನ್ನು ಪರೀಕ್ಷೆಯಲ್ಲಿ ಅಳೆಯುತ್ತದೆ. ಸರ್ಕಾರ ಇರಬೇಕಾದದ್ದು ಹೀಗೆ.

ಹೆಸರಿನ ವಿಚಾರದಲ್ಲಿ ಬಹಳ ಜನ ಸಿಕ್ಕಿಬೀಳುತ್ತಾರೆ. ಆಧಾರ್‌ನಲ್ಲಿ ಇನಿಶಿಯಲ್ ಹಿಂದೆ, ಜನನ ಪತ್ರದಲ್ಲಿ ಇನಿಶಿಯಲ್ಲೇ ಇಲ್ಲ, ಟಿಸಿಯಲ್ಲಿ ಅಪ್ಪನ ಹೆಸರು ಪೂರ್ತಿ. ಹತ್ತನೇ ತರಗತಿಯ ಅಂಕಪಟ್ಟಿಯ ಹೆಸರೇ ಜೀವನಪೂರ್ತಿ. ನೋಂದಣಿಗೆ ಆರು ತಿಂಗಳು ಮೊದಲೇ ಮೂರನ್ನೂ ಒಂದೇ ಮಾಡಿಸಿಕೊಳ್ಳಿ, ಅಕ್ಷರ, ಚುಕ್ಕಿ, ಜಾಗ ಸಹಿತ.

ಟಿಎಂಎಗೆ ಶೇ 20ರ ತೂಕ. ವಿಷಯಕ್ಕೆ ಆರು ಪ್ರಶ್ನೆ: ಎರಡು ಅಂಕದ ಮೂರು, ನಾಲ್ಕು ಅಂಕದ ಎರಡು, ಆರು ಅಂಕದ ಪ್ರಾಜೆಕ್ಟ್ ಒಂದು. ಕೈಬರಹದಲ್ಲಿ ಬರೆದು ಸ್ಕ್ಯಾನ್ ಮಾಡಿ ಹಾಕಬೇಕು. ಕೊನೆಯ ವಾರ ಪೋರ್ಟಲ್ ಆಮೆಗತಿ, ಒಂದು ತಿಂಗಳು ಮೊದಲೇ ಮುಗಿಸಿ. ಪುಟ ಅಡ್ಡ ತಿರುಗಿದ್ದರೆ, ನೆರಳು ಬಿದ್ದಿದ್ದರೆ ತಿದ್ದುವವರು ಓದುವ ಗೋಜಿಗೆ ಹೋಗುವುದಿಲ್ಲ. ಗಣಿತಕ್ಕೂ ಪ್ರಾಯೋಗಿಕ ಪರೀಕ್ಷೆ ಇದೆ, ಬಹಳ ಜನ ಮರೆಯುತ್ತಾರೆ. ಲಿಖಿತದಲ್ಲೂ ಪ್ರಾಯೋಗಿಕದಲ್ಲೂ ಶೇ 33 ಬೇರೆ ಬೇರೆಯಾಗಿ ಬರಲೇಬೇಕು. ಅಧ್ಯಯನ ಕೇಂದ್ರ ಆರಿಸುವುದಕ್ಕೆ ನಮ್ಮದೊಂದು ಪರೀಕ್ಷೆ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಒಂದೇ ಕಡೆ ನುಗ್ಗಿದರೆ ಆ ಅನುಕೂಲ ಯಾರಿಗೂ ಉಳಿಯುವುದಿಲ್ಲ.

ಪರೀಕ್ಷೆಯ ಸಮಯ ಎಲ್ಲಕ್ಕಿಂತ ಮುಖ್ಯ. ಏಪ್ರಿಲ್ ಪರೀಕ್ಷೆ ಬರೆದರೆ ಫಲಿತಾಂಶ ಬರುವಷ್ಟರಲ್ಲಿ ಒಳ್ಳೆಯ ಪಿಯು ಕಾಲೇಜುಗಳ ಸೀಟು ಮುಗಿದಿರುತ್ತದೆ. ಅದಕ್ಕೇ ಅಕ್ಟೋಬರ್ ಪರೀಕ್ಷೆ. ಜನವರಿ ಕೊನೆಗೆ ಹದಿನಾಲ್ಕು ತುಂಬಿರುವ ಮಗುವನ್ನು ಆ ಸರದಿಯಲ್ಲಿ ನೋಂದಾಯಿಸಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಬರೆಸಿ. ಅಂಕಪಟ್ಟಿ, ವಲಸೆ-ವರ್ಗಾವಣೆ ಪತ್ರ ಎರಡೂ ಬೇಸಿಗೆಗೆ ಮೊದಲೇ ಕೈಯಲ್ಲಿರುತ್ತವೆ. ಒಂದು ವಿಷಯ ಹೋದರೂ ಏಪ್ರಿಲ್‌ನಲ್ಲಿ ಇನ್ನೊಂದು ಅವಕಾಶ. ಒಟ್ಟು ಐದು ವರ್ಷ, ಒಂಬತ್ತು ಅವಕಾಶ.

ಹಣದ ಲೆಕ್ಕ ನೆನಪಿನಿಂದ. ನೋಂದಣಿ ಐದು ವಿಷಯಕ್ಕೆ ಎರಡು ಸಾವಿರದ ಆಸುಪಾಸು, ಹೆಣ್ಣುಮಕ್ಕಳಿಗೆ ಕೊಂಚ ಕಡಿಮೆ. ಪರೀಕ್ಷಾ ಶುಲ್ಕ ವಿಷಯಕ್ಕೆ ಇನ್ನೂರೈವತ್ತು ಮುನ್ನೂರು, ಪ್ರಾಯೋಗಿಕಕ್ಕೆ ನೂರು ಚಿಲ್ಲರೆ. ಪುಸ್ತಕ, ಹಾಳೆ, ಪ್ರಿಂಟು ವರ್ಷಕ್ಕೆ ಐದಾರು ಸಾವಿರ, ತಿದ್ದುವವರಿಗೆ ಹದಿನೆಂಟು. ವರ್ಷಕ್ಕೆ ಮೂವತ್ತು ಸಾವಿರದೊಳಗೆ ನಿಂತಿತು. ಬಿಟ್ಟ ಶಾಲೆಯ ಫೀಸು, ವ್ಯಾನು ಸೇರಿ ಅದರ ಎರಡು ಪಟ್ಟಿಗೂ ಮೇಲಿತ್ತು. ಕೇಂಬ್ರಿಜ್ ಪರೀಕ್ಷೆ ಬರೆಸುವ ಯೋಚನೆ ಬಂದಿತ್ತು, ಒಂದೊಂದು ವಿಷಯಕ್ಕೇ ಹತ್ತು ಸಾವಿರ ದಾಟುತ್ತದೆ ಎಂದು ಕೈಬಿಟ್ಟೆವು. ಆದರೆ ನಿಜವಾದ ಖರ್ಚು ಇದಲ್ಲ. ಮನೆಯಲ್ಲಿ ಒಬ್ಬರು ಬೆಳಗಿನ ಹೊತ್ತು ದುಡಿಮೆ ಬಿಡಬೇಕು, ಐದು ವರ್ಷ. ಅದನ್ನು ಹೊರಲಾಗದ ಮನೆಗೆ ಈ ದಾರಿ ಬೇಡ.

ನಾಲ್ಕೈದು ಮನೆಯವರು ಸೇರಿ ಓದಿಸುವವರು ಒಂದು ಗೆರೆ ದಾಟಬಾರದು. ಬೋರ್ಡು ಹಾಕಿ, ಫೀಸು ತೆಗೆದುಕೊಂಡು, ತರಗತಿ ಎಂದು ಹೆಸರಿಟ್ಟರೆ ಅದು ಮಾನ್ಯತೆ ಇಲ್ಲದ ಶಾಲೆಯಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 18ನೇ ಕಲಮಿನಡಿ ಒಂದು ಲಕ್ಷದವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ ಹತ್ತು ಸಾವಿರದವರೆಗೆ. ನಾವು ಗಂಟೆಗೆ ಗಂಟೆ ವಿನಿಮಯ ಮಾಡಿಕೊಂಡೆವು. ಅವರು ನಮ್ಮ ಮಕ್ಕಳಿಗೆ ವಿಜ್ಞಾನ, ನಾವು ಅವರವರಿಗೆ ಗಣಿತ, ನಡುವೆ ಒಂದು ರೂಪಾಯಿಯೂ ಓಡಾಡಲಿಲ್ಲ.

ಪಿಯುಸಿ ಸೇರಿಸುವಾಗ ಬೇರೆ ಬೋರ್ಡಿನಿಂದ ಬಂದವರಿಗೆ ಅರ್ಹತಾ ಪತ್ರ ಕೇಳುತ್ತಾರೆ, ಕಾಲೇಜಿನ ಮೂಲಕವೇ ಅರ್ಜಿ ಹೋಗುತ್ತದೆ. ಗುಮಾಸ್ತರು ‘ಓಪನ್ ಸ್ಕೂಲ್ ಆಗಲ್ಲ’ ಎಂದರೆ ವಾದಿಸದೆ ಪ್ರಾಂಶುಪಾಲರನ್ನೇ ಕಾಣಿ, ಸಮಾನತೆಯ ಸುತ್ತೋಲೆಯ ಪ್ರತಿ ಜೊತೆಗಿರಲಿ. ಸೇರಿದ ಮೇಲೆ ಹಳೆಯ ಎಸ್‌ಎಟಿಎಸ್ ಸಂಖ್ಯೆಯನ್ನೇ ಮುಂದುವರಿಸಲು ಕೇಳಿ. ಹೊಸ ಸಂಖ್ಯೆ ಕೊಟ್ಟುಬಿಟ್ಟರೆ ಮೊದಲ ಐದು ವರ್ಷ ಒಂದು ಕಡೆ, ಕೊನೆಯ ಎರಡು ಇನ್ನೊಂದು ಕಡೆ ಉಳಿದು, ಸಿಇಟಿ ಪರಿಶೀಲನೆಯ ದಿನ ಬಿಇಒ ಸಹಿಯ ಆ ಹಳೆಯ ಪ್ರಮಾಣಪತ್ರದ ಮೂಲಪ್ರತಿಯನ್ನೇ ಹೊತ್ತೊಯ್ಯಬೇಕಾಗುತ್ತದೆ.