ಸ್ವಾರ್ಟ್‌ಬರ್ಗ್ ಘಾಟಿಯ ಮಣ್ಣುದಾರಿಯಲ್ಲಿ ಬೀಟಲ್ ಬಗ್ಗಿ: ನನ್ನ ಅನುಭವ

ದಕ್ಷಿಣ ಆಫ್ರಿಕಾದ ಔಟ್ಸ್‌ಹೂರ್ನ್‌ನಿಂದ ಪ್ರಿನ್ಸ್ ಆಲ್ಬರ್ಟ್ ಕಡೆಗೆ ಹೋಗುವ ಆರ್328 ರಸ್ತೆಯಲ್ಲಿ ಕ್ಯಾಂಗೋ ಗುಹೆಗಳ ತಿರುವು ದಾಟಿ ಬೆಟ್ಟದ ಬುಡ ಸೇರುವಾಗ ಡಾಂಬರು ಮುಗಿಯುತ್ತದೆ. ಅಲ್ಲಿಂದ ಸುಮಾರು 24 ಕಿ.ಮೀ. ಬರೀ ಮಣ್ಣು, ಜಲ್ಲಿ. ನೆತ್ತಿಯ ಎತ್ತರ 1,583 ಮೀಟರ್. ರಸ್ತೆ ಇಂಜಿನಿಯರ್ ಥಾಮಸ್ ಬೇನ್, ಕೈದಿಗಳ ದುಡಿಮೆಯಿಂದ ಕಟ್ಟಿಸಿದ ಈ ದಾರಿ 1888ರ ಜನವರಿ 10ರಂದು ಸಂಚಾರಕ್ಕೆ ತೆರೆಯಿತು. ಗಾಡಿ ಎಳೆಯುವ ಪ್ರಾಣಿಗಳಿಗೆ ಉಸಿರು ಕಟ್ಟಬಾರದೆಂದು ಬೆಟ್ಟವನ್ನು ಬಳಸಿ ಬಳಸಿ ಏರಿಸಿದ ರಸ್ತೆ ಇದು. ಕಡಿಮೆ ಶಕ್ತಿಯ, ಗಾಳಿಯಿಂದಲೇ ತಣ್ಣಗಾಗುವ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಇಂಜಿನ್‌ಗೂ ಅದೇ ಬೇಕು. ಹಾಗಾಗಿ ಬೀಟಲ್ ಮೇಲೆ ಕಟ್ಟಿದ ಹಗುರ ಬಯಲು ಗಾಡಿ, ಅಂದರೆ ಬಗ್ಗಿ, ಈ ಘಾಟಿಗೆ ಸರಿಯಾದ ಜೋಡಿ, ಆದರೆ ತಯಾರಿ ಸರಿಯಿದ್ದರೆ ಮಾತ್ರ.

ನನ್ನ ಬಗ್ಗಿ ಬೀಟಲ್ ಚಾಸಿಯನ್ನು ಸುಮಾರು 36 ಸೆಂ.ಮೀ. ಗಿಡ್ಡ ಮಾಡಿ ಫೈಬರ್‌ಗ್ಲಾಸ್ ಬಾಡಿ ಕೂರಿಸಿದ್ದು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬಗ್ಗಿ ತಯಾರಕ ಬ್ರೂಸ್ ಮೇಯರ್ಸ್ ತೋರಿಸಿಕೊಟ್ಟ ಮಾದರಿಯೇ. ಬೀಟಲ್ ಇಲ್ಲಿಯೇ, ಯೂಟೆನ್‌ಹೇಗ್‌ನಲ್ಲಿ, 1951ರಿಂದ 1979ರವರೆಗೆ ತಯಾರಾಗುತ್ತಿತ್ತು. ಇಂಜಿನ್ 1600 ಸಿಸಿ, ಹಿಂದೆ ಸ್ವಿಂಗ್ ಆಕ್ಸಲ್ (ಚಕ್ರದ ಜೊತೆಗೇ ಮೇಲೆ ಕೆಳಗೆ ತೂಗುವ ಆಕ್ಸಲ್), ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್.

ಮೊದಲು ಟೈರಿನ ವಿಷಯ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಬಗ್ಗಿಗೆ ಹಿಂದೆ ದೊಡ್ಡ ಟೈರ್ ಹಾಕಿದರೆ ನೋಡಲು ಚೆಂದ. ಆದರೆ ಬೀಟಲ್‌ನ ಮೂಲ ಟೈರ್ ಸುಮಾರು 64 ಸೆಂ.ಮೀ. ವ್ಯಾಸದ್ದು. 31 ಇಂಚಿನ ಟೈರ್ ಹಾಕಿದರೆ ಅದು 79 ಸೆಂ.ಮೀ. ಆಗುತ್ತದೆ. ಗೇರುಗಳೆಲ್ಲ ಐದನೇ ಒಂದು ಭಾಗಕ್ಕಿಂತ ಹೆಚ್ಚು ಉದ್ದವಾಗಿ, ಅಂದರೆ ಇಂಜಿನಿನ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಸಾಗುವಂತಾಗಿ, ಏರಿನಲ್ಲಿ ಸೆಕೆಂಡ್ ಗೇರ್ ಎಳೆಯುವುದೇ ಇಲ್ಲ. ನಾನು ಹಾಕಿಕೊಂಡದ್ದು 215/75ಆರ್15, ಅಂದರೆ 70 ಸೆಂ.ಮೀ. ಡಾಂಬರು ಮುಗಿದ ಕಡೆ ನಿಲ್ಲಿಸಿ ಮುಂದಿನ ಟೈರಿಗೆ 12 ಪಾಯಿಂಟ್, ಹಿಂದಿನದಕ್ಕೆ 16 ಪಾಯಿಂಟ್ ಗಾಳಿ ಉಳಿಸಿ ಮಿಕ್ಕಿದ್ದು ಬಿಡುತ್ತೇನೆ. ಮರಳಿನಲ್ಲಿ ಓಡಿಸಿ ಅಭ್ಯಾಸವಿದ್ದವರು ಇನ್ನೂ ಇಳಿಸಲು ನೋಡುತ್ತಾರೆ. ಬೇಡ. ಇಲ್ಲಿನ ಮರಳುಗಲ್ಲು ಒಡೆದರೆ ಅಂಚು ಚೂಪು, ಮೆತ್ತಗಾದ ಟೈರಿನ ಪಕ್ಕೆ ಕೊಯ್ದುಬಿಡುತ್ತದೆ.

ಈಗ ಇಂಜಿನ್ ಬಿಸಿ. ಈ ಇಂಜಿನ್ ತಣ್ಣಗಾಗುವುದು ಗಾಡಿಯ ವೇಗದಿಂದಲ್ಲ, ಫ್ಯಾನಿನ ವೇಗದಿಂದ. ಫ್ಯಾನನ್ನು ತಿರುಗಿಸುವುದು ಕ್ರ್ಯಾಂಕ್ ಪುಲ್ಲಿಯಿಂದ ಬರುವ ಬೆಲ್ಟ್. ಅಂದರೆ ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ಸುತ್ತು) ಬಿದ್ದರೆ ಗಾಳಿಯೂ ಬಿತ್ತು. ಸೆಕೆಂಡ್ ಗೇರಿನಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದು ಗೊರಗೊರ ಎಳೆಸಿದರೆ ಇಂಜಿನ್ 1,650 ಆರ್‌ಪಿಎಂ ಆಸುಪಾಸಿನಲ್ಲಿ ನರಳುತ್ತದೆ, ಹೊರೆ ಪೂರ್ತಿ, ಗಾಳಿ ಅರ್ಧ. ಅದೇ 25 ಕಿ.ಮೀ. ವೇಗಕ್ಕೆ ಫಸ್ಟ್ ಗೇರಿನಲ್ಲಿ 3,000 ಬರುತ್ತದೆ. ಸದ್ದು ಜಾಸ್ತಿ, ಆದರೆ ಆಯಿಲ್ ತಣ್ಣಗೆ. ನಾನು ಪಾಲಿಸುವ ಲೆಕ್ಕ ಇಷ್ಟೇ: 35ರಿಂದ 45 ಕಿ.ಮೀ. ನಡುವೆ ಓಡುವುದಾದರೆ ಸೆಕೆಂಡ್, 30ಕ್ಕಿಂತ ಕೆಳಗೆ ಬಿದ್ದರೆ ಯೋಚಿಸದೆ ಫಸ್ಟ್. ಈ ಅಂಕಿಗಳು 4.125 ಫೈನಲ್ ಡ್ರೈವ್ (ಚಕ್ರಕ್ಕೆ ಮುಂಚಿನ ಕೊನೆಯ ಗೇರ್ ಅನುಪಾತ) ಇರುವ ಗೇರ್‌ಬಾಕ್ಸ್‌ಗೆ. ಆಯಿಲ್ ಮೀಟರ್ 110 ಡಿಗ್ರಿವರೆಗೆ ಇದ್ದರೆ ಚಿಂತೆಯಿಲ್ಲ. 120 ಮುಟ್ಟಿದರೆ ರಸ್ತೆ ಅಗಲವಾದ ಕಡೆ ನಿಲ್ಲಿಸಿ, ಇಂಜಿನ್ ಆರಿಸದೆ, ಐದು ನಿಮಿಷ ಜೋರು ಐಡ್ಲಿಂಗ್‌ನಲ್ಲಿ ಬಿಡಬೇಕು. ಆರಿಸಿದರೆ ಫ್ಯಾನೂ ನಿಲ್ಲುತ್ತದೆ, ಒಳಗಿನ ಬಿಸಿ ಪೆಟ್ರೋಲ್ ಪಂಪಿಗೆ ಏರಿ ಪೆಟ್ರೋಲ್ ಆವಿಯಾಗಿ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ.

ಬಗ್ಗಿಯಲ್ಲಿ ಇಂಜಿನ್ ಬಯಲಿಗಿರುವುದರಿಂದ ಅದಕ್ಕೆ ಗಾಳಿ ಧಾರಾಳ ಎಂಬ ನಂಬಿಕೆ ತಪ್ಪು. ಸಿಲಿಂಡರ್ ಸುತ್ತಲಿನ ತಗಡುಗಳು ಫ್ಯಾನಿನ ಗಾಳಿಯನ್ನು ಸಿಲಿಂಡರಿನ ಲೋಹದ ರೆಕ್ಕೆಗಳ (ಫಿನ್) ನಡುವೆ ನುಗ್ಗಿಸಿ ಕೆಳಗೆ ಹೊರಹಾಕುತ್ತವೆ. ಅಂದಕ್ಕೆಂದು ಆ ತಗಡು ಕಿತ್ತುಹಾಕಿದ ಬಗ್ಗಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಕೆಳಗಿನ ಬಿಸಿ ಗಾಳಿಯನ್ನೇ ಫ್ಯಾನ್ ಮತ್ತೆ ಎಳೆದುಕೊಳ್ಳುತ್ತದೆ, ಮೊದಲು ಸೊರಗುವುದು ಮೂರನೇ ಸಿಲಿಂಡರ್. ಒಂದು ತಗಡೂ ಬಿಡದೆ ಕೂರಿಸಿ.

ಬೆಲ್ಟಿನ ಸಡಿಲ ನೋಡುವುದು ಹೀಗೆ: ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ 15 ಮಿ.ಮೀ.ನಷ್ಟು ತಗ್ಗಬೇಕು. ಹೆಚ್ಚು ತಗ್ಗಿದರೆ ಡೈನಮೋ ಪುಲ್ಲಿಯ ಕಚ್ಚಿಗೆ ಸ್ಕ್ರೂ ಡ್ರೈವರ್ ಕೊಟ್ಟು ತಡೆದು, 21ನೇ ನಂಬರ್ ಸ್ಪ್ಯಾನರಿನಿಂದ ನಟ್ ಬಿಚ್ಚಿ, ಪುಲ್ಲಿಯ ಎರಡು ಹೋಳುಗಳ ನಡುವಿನ ವಾಷರುಗಳಲ್ಲಿ ಒಂದನ್ನು ತೆಗೆದು ಹೊರಗಡೆ, ನಟ್ಟಿನ ಕೆಳಗೆ ಹಾಕಬೇಕು. ಎಸೆಯಬೇಡಿ, ಹೊಸ ಬೆಲ್ಟಿಗೆ ಅದು ಮತ್ತೆ ಒಳಗೆ ಬೇಕಾಗುತ್ತದೆ. ನಟ್ ಬಿಗಿಯುವಾಗ ಪುಲ್ಲಿಯನ್ನು ಕೈಯಿಂದ ತಿರುಗಿಸುತ್ತಾ ಹೋಗಿ, ಇಲ್ಲದಿದ್ದರೆ ಬೆಲ್ಟ್ ಹೋಳುಗಳ ನಡುವೆ ಸಿಕ್ಕಿ ನುಜ್ಜಾಗುತ್ತದೆ. ಓಡಿಸುವಾಗ ಚಾರ್ಜಿಂಗ್‌ನ ಕೆಂಪು ದೀಪ ಹೊತ್ತಿಕೊಂಡರೆ ಬ್ಯಾಟರಿ ಚಿಂತೆ ಆಮೇಲೆ. ಡೈನಮೋ, ಫ್ಯಾನ್ ಎರಡನ್ನೂ ತಿರುಗಿಸುವ ಬೆಲ್ಟ್ ಕಡಿದಿರಬಹುದು, ಫ್ಯಾನ್ ನಿಂತಿರಬಹುದು. ಆ ಕ್ಷಣವೇ ಬದಿಗೆ ತೆಗೆದು ಇಂಜಿನ್ ಆರಿಸಿ. ಬಿಸಿ ಕಂಡಾಗ ಆರಿಸಬೇಡಿ ಎಂದ ಮಾತಿಗೆ ಇದೊಂದೇ ಅಪವಾದ.

ಹೊರಡುವ ಹಿಂದಿನ ದಿನ ತಣ್ಣನೆಯ ಇಂಜಿನ್‌ನಲ್ಲಿ ಟ್ಯಾಪೆಟ್ (ವಾಲ್ವ್) ಅಂತರ 0.15 ಮಿ.ಮೀ.ಗೆ, ಕಿಡಿ ಹಾರಿಸುವ ಇಗ್ನಿಷನ್ ಪಾಯಿಂಟಿನ ಅಂತರ 0.4 ಮಿ.ಮೀ.ಗೆ ಇಡುತ್ತೇನೆ. ಆಯಿಲ್ 20ಡಬ್ಲ್ಯು-50, ಎರಡೂವರೆ ಲೀಟರ್. ನೆತ್ತಿಯ ಹತ್ತಿರ ಗಾಳಿ ತೆಳುವಾಗಿ ಶಕ್ತಿ ಸುಮಾರು 15 ಶೇಕಡ ಕಡಿಮೆಯಾಗುತ್ತದೆ, ಮಿಕ್ಸ್ಚರ್ ಸ್ವಲ್ಪ ರಿಚ್ ಆಗುತ್ತದೆ, ಅಂದರೆ ಅದರಲ್ಲಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಒಂದೆರಡು ಗಂಟೆಯ ದಾರಿಗೆ ಕಾರ್ಬುರೇಟರಿನ ಜೆಟ್ ಬದಲಿಸುವ ಗೋಜು ಬೇಡ. ಏರ್ ಫಿಲ್ಟರಿಗೆ ಮಾತ್ರ ಗಮನ ಕೊಡಿ. ಹಿಂದಿನ ಚಕ್ರಗಳು ಎಬ್ಬಿಸುವ ದೂಳು ನೇರ ಕಾರ್ಬುರೇಟರ್ ಮುಂದೆಯೇ ಸುತ್ತುತ್ತಿರುತ್ತದೆ. ಎಣ್ಣೆ ಹಚ್ಚಿದ ಸ್ಪಂಜಿನ ಫಿಲ್ಟರ್ ನನಗೆ ಚೆನ್ನಾಗಿ ಒಗ್ಗಿದೆ. ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಬೆಲ್ಟ್ ತಲಾ ಒಂದೊಂದು ಜೊತೆಗಿರಲಿ.

ಏರುವಾಗ ಭಾರವೆಲ್ಲ ಹಿಂದಿನ ಚಕ್ರದ ಮೇಲೆ, ಹಿಡಿತಕ್ಕೆ ಕೊರತೆಯಿಲ್ಲ. ತೊಂದರೆ ಇಳಿಯುವಾಗ. ನೆತ್ತಿ ದಾಟಿ, ಗಾಮ್ಕಾಸ್‌ಕ್ಲೂಫ್ ಕಣಿವೆ ಕಡೆಗೆ ಒಡೆಯುವ ದಾರಿ ಬಿಟ್ಟು ಉತ್ತರಕ್ಕೆ ಇಳಿದರೆ ಒಂದರ ಮೇಲೊಂದು ಹೇರ್‌ಪಿನ್ ತಿರುವುಗಳು. ಬಗ್ಗಿಯ ಮುಂಭಾಗ ಹಗುರ. ಜಲ್ಲಿಯಲ್ಲಿ ಬ್ರೇಕ್ ಒತ್ತಿದರೆ ಮುಂದಿನ ಚಕ್ರ ತಿರುಗದೆ ಕಚ್ಚಿಕೊಂಡು, ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ನೇರಕ್ಕೇ ಜಾರುತ್ತದೆ. ಹಾಗಾದರೆ ಬ್ರೇಕ್ ಬಿಡಿ, ಚಕ್ರ ಉರುಳಿದರೆ ಸ್ಟಿಯರಿಂಗ್ ಮರಳಿ ಬರುತ್ತದೆ. ಬ್ರೇಕೆಲ್ಲ ತಿರುವಿಗೆ ಮೊದಲೇ ಮುಗಿಸಿ, ಫಸ್ಟ್ ಗೇರಿನಲ್ಲಿ ಸಮನಾಗಿ ತಿರುಗಿಸಿ. ತಿರುವಿನ ನಡುವೆ ಥಟ್ಟನೆ ಕಾಲು ತೆಗೆದರೆ ಸ್ವಿಂಗ್ ಆಕ್ಸಲ್‌ನ ಹಿಂಭಾಗ ಎದ್ದು ಹೊರಗಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ, ಅದು ನಿಜಕ್ಕೂ ಅಪಾಯ. ಡ್ರಮ್ಮನ್ನು ಮೊದಲೇ ಸರಿಮಾಡಿಕೊಂಡಿರಬೇಕು: ಸ್ಟಾರ್ ಅಡ್ಜಸ್ಟರನ್ನು (ಲೈನರನ್ನು ಡ್ರಮ್ಮಿಗೆ ಹತ್ತಿರ ತರುವ ಹಲ್ಲಿನ ಚಕ್ರ) ಲೈನರ್ ಉಜ್ಜುವವರೆಗೆ ಬಿಗಿದು ಎರಡು ಮೂರು ಹಲ್ಲು ಸಡಿಲಿಸಿದರೆ ಸಾಕು. ಬ್ರೇಕ್ ಫ್ಲೂಯಿಡ್ ಹಳೆಯದಾದರೆ ಅದರಲ್ಲಿ ಸೇರಿದ ನೀರು ಈ ಇಳಿಜಾರಿನಲ್ಲೇ ಕುದಿದು ಪೆಡಲ್ ನೆಲ ಮುಟ್ಟುತ್ತದೆ.

ಕಣಿವೆ ಬದಿಗೆ ಕಾಣುವ ಕಲ್ಲಿನ ಗೋಡೆಗಳಿಗೆ ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು ಕಚ್ಚಿಸಿ ನಿಲ್ಲಿಸಿದ್ದಾರೆ. ಹತ್ತಿರ ನಿಂತು ನೋಡಿದರೆ ದೊಡ್ಡ ಕಲ್ಲುಗಳ ಸಂದಿಗೆ ಬೆರಳಗಲದ ಚಕ್ಕೆ ಕೂಡ ಹದ ನೋಡಿ ಹೊಡೆದಿರುವುದು ಕಾಣುತ್ತದೆ. ನೂರು ವರ್ಷ ದಾಟಿದ ಆ ಗೋಡೆಯ ಅಂಚಿನ ಮೇಲೆ ಚಕ್ರ ತಿರುಗಿಸಿ ಜಲ್ಲಿ ಎರಚುವುದು, ತಿರುವಿನಲ್ಲಿ ಬೇಕೆಂದೇ ಹಿಂಭಾಗ ಜಾರಿಸುವುದು ನನಗೆ ಸಹಿಸಲಾಗದ ವಿಷಯ. ಬೆಟ್ಟದ ಕಡೆಯ ಗೆರೆ ಹಿಡಿದು ಹೋಗಿ, ಎದುರು ಏರಿ ಬರುವವರಿಗೆ ದಾರಿ ಬಿಡಿ. ಜೋರು ಮಳೆ, ಹಿಮ ಬಿದ್ದ ದಿನ ಘಾಟಿ ಮುಚ್ಚಿರುತ್ತದೆ, ಮುಂಚೆಯೇ ಊರಿನಲ್ಲಿ ವಿಚಾರಿಸಿ.

ಪ್ರಿನ್ಸ್ ಆಲ್ಬರ್ಟ್ ಸೇರಿದ ಮೇಲೆ ನಾಲ್ಕು ಡ್ರಮ್ಮಿನ ಹತ್ತಿರ ಅಂಗೈ ಹಿಡಿದು ಬಿಸಿ ಹೋಲಿಸುತ್ತೇನೆ. ಒಂದು ಮಾತ್ರ ಸುಡುತ್ತಿದ್ದರೆ ಅದರ ಅಡ್ಜಸ್ಟರ್ ಬಿಗಿಯಾಯಿತೆಂದು ಅರ್ಥ. ಆಮೇಲೆ ಟೈರಿಗೆ ಗಾಳಿ, ಚಕ್ರದ ಬೋಲ್ಟ್ ಬಿಗಿ. ಕೊನೆಗೆ ಬಾಡಿಯನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳ ಸುತ್ತ ಬಟ್ಟೆಯಿಂದ ದೂಳು ಒರೆಸಿ ನೋಡುತ್ತೇನೆ. ಗದಗುಟ್ಟುವ ರಸ್ತೆಯಲ್ಲಿ ಫೈಬರ್‌ಗ್ಲಾಸ್ ಸೀಳಲು ಶುರುವಾಗುವುದು ಅಲ್ಲಿಂದಲೇ. ಕೂದಲೆಳೆಯಷ್ಟು ಗೆರೆ ಕಂಡರೆ ಅದರ ತುದಿಗೆ 3 ಮಿ.ಮೀ. ತೂತು ಕೊರೆದುಬಿಟ್ಟರೆ ಬಿರುಕು ಮನೆ ತಲುಪುವವರೆಗೆ ಮುಂದೆ ಓಡುವುದಿಲ್ಲ.